ಅಚ್ಚು ನಿಂತ ಪುಸ್ತಕದ ಬೆನ್ನು ಹತ್ತಿ

ಅಟ್ಟದಿಂದ ಇಳಿಸಿದ, ಗಾಜಿನ ವಾಲ್ವ್‌ಗಳಿಂದ ನಡೆಯುವ ಹಳೆಯ ರೇಡಿಯೊ ಒಂದು ನಮ್ಮ ಮನೆಯಲ್ಲಿದೆ. ಅದನ್ನು ಮತ್ತೆ ಹಾಡಿಸಬೇಕೆಂದು ಕೂತವನಿಗೆ ಮೂರೇ ದಿನಕ್ಕೆ ಅರ್ಥವಾಯಿತು: ಯೂಟ್ಯೂಬ್ ಸಾಲದು, ಪುಸ್ತಕವೇ ಬೇಕು. ತಿಳಿದವರೆಲ್ಲ ಹೇಳಿದ್ದು ಒಂದೇ ಹೆಸರು, ಲ್ಯಾಂಗ್‌ಫರ್ಡ್ ಸ್ಮಿತ್ ಸಂಪಾದಿಸಿದ ‘ರೇಡಿಯೊಟ್ರಾನ್ ಡಿಸೈನರ್ಸ್ ಹ್ಯಾಂಡ್‌ಬುಕ್’. ಸುಮಾರು 1,500 ಪುಟದ ಇಟ್ಟಿಗೆ. ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅದನ್ನು ಆನ್‌ಲೈನ್‌ನಲ್ಲಿ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಬೇಕಿರುವುದು ಲೇತ್ ಯಂತ್ರದ ಪುಸ್ತಕವೋ, ಗಡಿಯಾರ ರಿಪೇರಿಯದ್ದೋ ಇರಬಹುದು. ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಜಾತಕ, ಆಮೇಲೆ ಬೆಲೆ

ಹೆಸರು ಟೈಪ್ ಮಾಡಿದ ಕೂಡಲೇ ಬೆಲೆ ನೋಡಲು ಹೋಗಬೇಡಿ. ಪುಸ್ತಕದ ಜಾತಕವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಲೇಖಕ, ಪ್ರಕಾಶಕ, ಎಷ್ಟನೇ ಆವೃತ್ತಿ, ಯಾವ ವರ್ಷ, ಎಷ್ಟು ಪುಟ. ಇದಕ್ಕೆ ವರ್ಲ್ಡ್‌ಕ್ಯಾಟ್ ಜಾಲತಾಣ ನೋಡಿ. ಜಗತ್ತಿನ ಸಾವಿರಾರು ಗ್ರಂಥಾಲಯಗಳ ಪುಸ್ತಕಪಟ್ಟಿ ಅಲ್ಲಿ ಒಂದೇ ಕಡೆ ಸಿಗುತ್ತದೆ.

ಈ ಕೆಲಸ ಬೇಸರದ್ದು ಅನ್ನಿಸಿದರೂ ಬಿಡಬೇಡಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ನನ್ನ ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾದಾಗ ‘ರೇಡಿಯೊ ಡಿಸೈನರ್ಸ್ ಹ್ಯಾಂಡ್‌ಬುಕ್’ ಎಂದು ಹೆಸರು ಬದಲಿಸಿಕೊಂಡಿತ್ತು. ಹಳೆಯ ಹೆಸರಿಗೇ ಜೋತುಬಿದ್ದಿದ್ದರೆ ಬ್ರಿಟನ್ನಿನ ಪ್ರತಿಗಳು ಕಣ್ಣಿಗೇ ಬೀಳುತ್ತಿರಲಿಲ್ಲ. 1940ರ ಮೂರನೇ ಆವೃತ್ತಿಯಂತೂ 1950ರ ದಶಕದ ನಾಲ್ಕನೆಯದರ ಮುಂದೆ ತೀರಾ ತೆಳು. ಅಗ್ಗವೆಂದು ಅದನ್ನು ತಂದರೆ ಬೇಕಾದ ಅಧ್ಯಾಯವೇ ಇಲ್ಲದೆ ಹೋಗಬಹುದು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಇದ್ದರೆ ಹುಡುಕಾಟ ಸಲೀಸು. ಆದರೆ ಅದು ಅಂತರರಾಷ್ಟ್ರೀಯ ಮಾನಕವಾಗಿದ್ದೇ 1970ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಕ್ಕೆ ಸಾಮಾನ್ಯವಾಗಿ ಸಂಖ್ಯೆಯೇ ಇರುವುದಿಲ್ಲ. ಬ್ರಿಟನ್ನಿನ ಕೆಲವು ಪುಸ್ತಕಗಳ ಮೇಲೆ ಒಂಬತ್ತು ಅಂಕಿಯ ಸಂಖ್ಯೆ ಇದ್ದರೆ ಮುಂದೆ ಒಂದು ಸೊನ್ನೆ ಸೇರಿಸಿ ಹುಡುಕಿ. 2007ರಿಂದ ಹತ್ತು ಅಂಕಿ ಹದಿಮೂರಾಯಿತು. ಆ ಹದಿಮೂರರಲ್ಲಿ ಮೊದಲು ಬರುವ 978ರ ನಂತರ 81 ಅಥವಾ 93 ಬಂದರೆ ಅದು ಭಾರತದ ಮುದ್ರಣ. ತಾಂತ್ರಿಕ ಪುಸ್ತಕಗಳಲ್ಲಿ ನಮ್ಮ ದೇಶದ ಅಗ್ಗದ ಮುದ್ರಣ ಇದೆಯೇ ಎಂದು ಮೊದಲೇ ನೋಡುವುದು ಜಾಣತನ.

ಪದ ಬದಲಿಸಿಯೂ ನೋಡಿ. ಇಂಗ್ಲೆಂಡಿನವರು ‘ವಾಲ್ವ್’ ಎಂದದ್ದನ್ನು ಅಮೆರಿಕದವರು ‘ಟ್ಯೂಬ್’ ಎನ್ನುತ್ತಾರೆ, ‘ಸ್ಪ್ಯಾನರ್’ ಅಲ್ಲಿ ‘ರೆಂಚ್’.

ಪುಕ್ಕಟೆ ಇದ್ದರೆ ಕೊಳ್ಳುವುದೇಕೆ?

ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಡಿಜಿಟಲ್ ಗ್ರಂಥಾಲಯದಲ್ಲಿ ಒಮ್ಮೆ ಹುಡುಕದೆ ದುಡ್ಡು ಬಿಚ್ಚಬೇಡಿ. ಶೀರ್ಷಿಕೆ ಮಾತ್ರವಲ್ಲ, ಪುಸ್ತಕದ ಒಳಗಿನ ಪಠ್ಯದಲ್ಲೂ ಹುಡುಕುವ ಆಯ್ಕೆ ಅಲ್ಲಿದೆ. ರೇಡಿಯೊ ಹುಚ್ಚಿನವರಿಗೆ ವರ್ಲ್ಡ್ ರೇಡಿಯೊ ಹಿಸ್ಟರಿ ಎಂಬ ತಾಣವೇ ಒಂದು ತವರುಮನೆ. ಹಳೆಯ ಪತ್ರಿಕೆ, ಕೈಪಿಡಿಗಳ ರಾಶಿ ಅಲ್ಲಿದೆ. ಜಾಲದಲ್ಲಿ ಸಿಕ್ಕಿದ್ದೆಲ್ಲ ಹಕ್ಕುಮುಕ್ತ ಎಂದುಕೊಳ್ಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಉಳಿದಿರುತ್ತದೆ.

ಸ್ಕ್ಯಾನ್ ಪ್ರತಿಗೆ ಒಂದು ದೊಡ್ಡ ಕೊರತೆ: ಮಡಿಚಿಟ್ಟ ನಕ್ಷೆಗಳು. ಎಷ್ಟೋ ಸಲ ಸ್ಕ್ಯಾನ್ ಮಾಡಿದವರು ಅವನ್ನು ಬಿಡಿಸಿರುವುದೇ ಇಲ್ಲ. ಪೂರ್ತಿ ಸರ್ಕ್ಯೂಟ್ ಆ ಮಡಿಕೆಯೊಳಗೇ ಇರುತ್ತದೆ. ಬೆಸುಗೆ ಕಡ್ಡಿ ಹಿಡಿದವನಿಗೆ ಕಾಗದದ ಪುಸ್ತಕ ಬೇಕಾಗುವುದು ಇಲ್ಲೇ.

ಎಲ್ಲಿ ಕೊಳ್ಳುವುದು

ಬುಕ್‌ಫೈಂಡರ್ ತಾಣ ಹಲವು ಮಾರಾಟತಾಣಗಳನ್ನು ಒಟ್ಟಿಗೆ ಜಾಲಾಡಿ ಬೆಲೆ ಪಟ್ಟಿ ಕೊಡುತ್ತದೆ. ಹಳೆ ಪುಸ್ತಕಕ್ಕೆ ಏಬ್‌ಬುಕ್ಸ್ (2008ರಿಂದ ಅಮೆಜಾನ್ ಒಡೆತನದ್ದು), ಬಿಬ್ಲಿಯೊ, ಅಲಿಬ್ರಿಸ್, ಇಬೇ ನೋಡಬಹುದು. ಬೆಂಗಳೂರಿನ ಅವೆನ್ಯೂ ರಸ್ತೆ, ಕೋಲ್ಕತ್ತದ ಕಾಲೇಜ್ ಸ್ಟ್ರೀಟ್‌ನ ಅಂಗಡಿಯವರಲ್ಲಿ ಯಾರದಾದರೂ ವಾಟ್ಸ್‌ಆ್ಯಪ್ ನಂಬರ್ ಇದ್ದರೆ ನಿಮ್ಮ ಜಾತಕದ ಚೀಟಿಯ ಫೋಟೊ ಕಳಿಸಿ. ಹೊರದೇಶದ ಅಂಚೆ ಖರ್ಚು ಉಳಿದರೆ ಉಳಿಯಿತು.

ಬೆಲೆ ಕಂಡು ಎದೆ ಒಡೆದುಕೊಳ್ಳಬೇಡಿ. 2011ರಲ್ಲಿ ನೊಣದ ಬೆಳವಣಿಗೆಯ ಕುರಿತ ಅಚ್ಚು ನಿಂತ ಜೀವಶಾಸ್ತ್ರದ ಪುಸ್ತಕವೊಂದರ ಹೊಸ ಪ್ರತಿ ಅಮೆಜಾನ್‌ನಲ್ಲಿ 2.3 ಕೋಟಿ ಡಾಲರ್ ದಾಟಿತ್ತು! ಇಬ್ಬರು ಮಾರಾಟಗಾರರ ಕಂಪ್ಯೂಟರುಗಳ ಜಗಳ ಅದು. ಒಂದು ಮತ್ತೊಂದರ ಬೆಲೆಗಿಂತ ಕೂದಲೆಳೆಯಷ್ಟು ಕಡಿಮೆ ಇಡುತ್ತಿತ್ತು. ಇನ್ನೊಂದು ಮೊದಲನೆಯದರ 1.27 ಪಟ್ಟು ಏರಿಸುತ್ತಿತ್ತು. ಅದೇ ಪುಟದಲ್ಲಿ ಓದಿ ಬಿಟ್ಟ ಪ್ರತಿ ಸುಮಾರು 35 ಡಾಲರಿಗೆ ಬಿದ್ದಿತ್ತು. ಒಂದೇ ಪ್ರತಿ ಇದ್ದು ಬೆಲೆ ಆಕಾಶದಲ್ಲಿದ್ದರೆ ಒಂದೆರಡು ತಿಂಗಳು ಬಿಟ್ಟು ನೋಡಿ. ಏಬ್‌ಬುಕ್ಸ್, ಇಬೇಗಳಲ್ಲಿ ‘ಬಂದರೆ ತಿಳಿಸಿ’ ಎಂದು ಬರೆದಿಡುವ ಸೌಲಭ್ಯವೂ ಇದೆ.

‘ಗುಡ್’ ಅಂದರೆ ಅಷ್ಟೇನೂ ಗುಡ್ ಅಲ್ಲ

ಹಳೆ ಪುಸ್ತಕದವರ ಭಾಷೆಯೇ ಬೇರೆ. ‘ಫೈನ್’ ಎಂದರೆ ಹೊಸದರಂತಿದೆ. ‘ವೆರಿ ಗುಡ್’ ಎಂದರೆ ಅಲ್ಲಲ್ಲಿ ಸವೆದಿದೆ. ‘ಗುಡ್’ ಎಂದರೆ ಚೆನ್ನಾಗಿ ಬಳಸಿ ಬಿಟ್ಟದ್ದು, ಪುಟಗಳು ಮಾತ್ರ ಎಲ್ಲ ಇವೆ. ‘ಎಕ್ಸ್-ಲೈಬ್ರರಿ’ ಎಂದರೆ ಗ್ರಂಥಾಲಯದ ಮುದ್ರೆ, ಚೀಟಿ ಅಂಟಿಸಿದ ಗುರುತುಗಳ ಸಮೇತ. ‘ಫಾಕ್ಸಿಂಗ್’ ಎಂದರೆ ಹಾಳೆಯ ಮೇಲಿನ ಕಂದು ಚುಕ್ಕೆ. ನನ್ನಂಥವನಿಗೆ ಇವಾವುದೂ ಅಡ್ಡಿಯಲ್ಲ. ಷೋಕೇಸಿಗೆ ಇಡುವವರು ‘ಫೈನ್’ ಹುಡುಕಲಿ, ಕೆಲಸಕ್ಕೆ ‘ಗುಡ್’ ಧಾರಾಳವಾಗಿ ಸಾಕು.

ಹೆದರಬೇಕಾದದ್ದು ‘ಪ್ರಿಂಟ್ ಆನ್ ಡಿಮಾಂಡ್’ ಎಂಬ ಸಣ್ಣ ಅಕ್ಷರಕ್ಕೆ. ಹಳೆಯ ಸ್ಕ್ಯಾನ್ ಒಂದನ್ನು ಇಳಿಸಿಕೊಂಡು, ಆರ್ಡರ್ ಬಂದಾಗ ಜೆರಾಕ್ಸಿನಂತೆ ಅಚ್ಚು ಹಾಕಿ ಕಳಿಸುವವರಿದ್ದಾರೆ. ಮೊದಲ ಬಾರಿ ನಾನು ಬಿದ್ದದ್ದು ಇದೇ ಗುಂಡಿಗೆ. ಬಂದ ಪುಸ್ತಕದಲ್ಲಿ ರೆಸಿಸ್ಟರ್ ಮೌಲ್ಯಗಳು ಇರುವೆ ಸಾಲಿನಂತೆ ಕಂಡವು. 3 ಯಾವುದು 8 ಯಾವುದು ತಿಳಿಯಲಿಲ್ಲ. ತಪ್ಪು ನನ್ನದೇ, ವಿವರ ಪೂರ್ತಿ ಓದಿರಲಿಲ್ಲ. ಇಸವಿ 1953 ಎಂದಿದ್ದು ರಕ್ಷಾಪುಟ ಮಿರಮಿರ ಹೊಸದಾಗಿದ್ದರೆ ಅನುಮಾನಪಡಿ.

ಎರಡನೇ ಸಲ ಕೊಳ್ಳುವ ಮೊದಲು ಮಾರಾಟಗಾರರಿಗೆ ಸಂದೇಶ ಹಾಕಿದೆ. ನಾಲ್ಕೇ ಪ್ರಶ್ನೆ: ಶೀರ್ಷಿಕೆ ಪುಟದ ಮತ್ತು ಅದರ ಹಿಂಬದಿಯ ಫೋಟೊ ಕಳಿಸುವಿರಾ? ಮಡಿಕೆ ನಕ್ಷೆಗಳು ಎಲ್ಲ ಇವೆಯೇ? ಬೈಂಡಿಂಗ್ ಬಿಟ್ಟಿದೆಯೇ? ಭಾರತಕ್ಕೆ ಕಳಿಸಲು ಒಟ್ಟು ಎಷ್ಟು? ಫೋಟೊ ಕಳಿಸಲು ಸಬೂಬು ಹೇಳುವವರನ್ನು ಬಿಟ್ಟುಬಿಡುವುದೇ ಲೇಸು.

ಕೊನೆಯ ಪ್ರಶ್ನೆ ಮರೆಯುವಂತಿಲ್ಲ. ಏಬ್‌ಬುಕ್ಸ್‌ನಲ್ಲಿ ತೋರಿಸುವ ಅಂಚೆ ಖರ್ಚು ಒಂದು ಕಿಲೋ ತೂಕದ ಲೆಕ್ಕ. ಪುಸ್ತಕ ಭಾರವಿದ್ದರೆ ಮಾರಾಟಗಾರರು ಆಮೇಲೆ ಹೆಚ್ಚುವರಿ ಕೇಳಬಹುದು. 2019ರ ಬಜೆಟ್‌ನಲ್ಲಿ ಆಮದು ಪುಸ್ತಕಗಳ ಮೇಲೆ ಶೇ 5ರ ಸುಂಕ ಹಾಕಿದ್ದರು. ಈಗ ಎಷ್ಟಿದೆ ಎಂದು ನೋಡಿ ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಪಾರ್ಸೆಲ್ ಬಂದ ದಿನವೇ ಒಡೆದು ಪುಟ ತಿರುವಿ ನೋಡಿ. ತಾಣದ ವಾಪಸಾತಿ ಗಡುವು ನಿಮಗಾಗಿ ಕಾಯುವುದಿಲ್ಲ. ಸೂಚಿ ಹಿಡಿದು ನಕ್ಷೆಗಳನ್ನು ಒಂದೊಂದಾಗಿ ಎಣಿಸಿ, ಬೆನ್ನಿನ ಅಂಟಿನ ಹತ್ತಿರ ಹುಳ ಕೊರೆದಿದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ. ಹುಳದ ಪುಡಿ ಉದುರಿದರೆ ಕವರಿನಲ್ಲಿ ಕಟ್ಟಿ ಬೇರೆಯೇ ಇಡಿ. ಕಪಾಟಿನ ಉಳಿದ ಪುಸ್ತಕಗಳ ಪಕ್ಕ ಮಾತ್ರ ಬೇಡ.