ಅಗ್ಗದ ಟ್ಯಾಬ್ ನಿಜವಾಗ್ಲೂ ಅಗ್ಗನಾ? ಚಿಕ್ಕ ಲ್ಯಾಪ್‌ಟಾಪ್ ಪಕ್ಕ ಇಟ್ಟು ಲೆಕ್ಕ ಹಾಕೋದು ಹೇಗೆ

ಬರೀ ನೆಟ್ ನೋಡೋಕೆ ಒಂದು ಅಗ್ಗದ ಟ್ಯಾಬ್ ಸಾಕು ಅಂತ ಹುಡುಕೋಕೆ ಹೊರಟವರಿಗೆಲ್ಲ ಈಗ ಗೊಂದಲ ಶುರುವಾಗೋದು ಒಂದೇ ಜಾಗದಲ್ಲಿ. ಟ್ಯಾಬ್ ರೇಟು ಏರ್ತಾ ಏರ್ತಾ ಚಿಕ್ಕ ಲ್ಯಾಪ್‌ಟಾಪ್ ರೇಟಿನ ಹತ್ರಾನೇ ಬಂದು ನಿಂತಿದೆ, ಇನ್ನೊಂಚೂರು ಸೇರಿಸಿದ್ರೆ ಲ್ಯಾಪ್‌ಟಾಪೇ ಬರುತ್ತಲ್ಲ, ಏನ್ ಮಾಡೋದು? ಎಲ್ರಿಗೂ ಹೊಂದೋ ಒಂದು ಉತ್ತರ ಇದಕ್ಕಿಲ್ಲ, ಆದ್ರೆ ನಿಮ್ಮ ಉತ್ತರ ನೀವೇ ಕಂಡ್ಕೊಳ್ಳೋ ಲೆಕ್ಕ ಇದೆ, ಅದನ್ನ ಹೇಗೆ ಹಾಕೋದು ಅಂತ ಇಲ್ಲಿ ಬರೀತಿದೀನಿ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಅಗ್ಗದ ಟ್ಯಾಬ್ ಅಗ್ಗ ಆಗಿರೋದು ನೀವು ಅದ್ರಲ್ಲಿ ನೋಡೋ, ಓದೋ ಕೆಲ್ಸ ಮಾತ್ರ ಮಾಡೋವರೆಗೆ. ಟೈಪ್ ಮಾಡೋಕೆ ಕೂತ್ರಿ ಅಂದ್ರೆ ಲೆಕ್ಕ ತಲೆಕೆಳಗಾಗುತ್ತೆ.

ರೇಟ್ ಯಾಕೆ ಏರ್ತಿದೆ ಅಂತ ಸ್ವಲ್ಪ ಗೊತ್ತಿದ್ರೆ ಒಳ್ಳೇದು, ಯಾಕಂದ್ರೆ "ಇನ್ನೊಂದ್ ತಿಂಗಳು ಕಾದ್ರೆ ಇಳಿಯುತ್ತೆ" ಅನ್ನೋ ಆಸೆ ಎಷ್ಟು ಇಟ್ಕೋಬೇಕು ಅನ್ನೋದು ಅದ್ರಿಂದಾನೇ ತೀರ್ಮಾನ ಆಗೋದು. ದೊಡ್ಡ ಕಾರಣ ಮೆಮೊರಿ ಚಿಪ್, ಅಂದ್ರೆ ತೆರೆದಿರೋ ಆಪ್, ಪೇಜ್‌ಗಳನ್ನ ತಾತ್ಕಾಲಿಕವಾಗಿ ಹಿಡಿದಿಡೋ ರ‍್ಯಾಮ್. ಜಗತ್ತಿನ ರ‍್ಯಾಮ್ ಚಿಪ್‌ನಲ್ಲಿ ಹೆಚ್ಚಿನ ಪಾಲು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾಗೋ ಮೆಮೊರಿಗೆ ಒಳ್ಳೆ ಲಾಭ ಸಿಗೋದ್ರಿಂದ ಇವರ ಫ್ಯಾಕ್ಟರಿಗಳ ಗಮನ ಆ ಕಡೆ ಹೋಗಿದೆ, ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ಕ್ರೂಷಿಯಲ್ ಹೆಸರಲ್ಲಿ ಜನಸಾಮಾನ್ಯರಿಗೆ ಮಾರ್ತಿದ್ದ ವ್ಯವಹಾರದಿಂದಾನೇ ಹೊರಗೆ ಹೋಗ್ತೀವಿ ಅಂತ ಘೋಷಣೆ ಮಾಡ್ತು. ಇದ್ರ ಬಿಸಿ ಜಾಸ್ತಿ ತಟ್ಟೋದು ಕಮ್ಮಿ ರೇಟಿನ ಸಾಮಾನಿಗೇ. ದುಬಾರಿ ಟ್ಯಾಬ್‌ನಲ್ಲಿ ಲಾಭದ ಅಂತರ ದೊಡ್ಡದಿರುತ್ತೆ, ಕಂಪನಿ ಸ್ವಲ್ಪ ನುಂಗ್ಕೊಳ್ಳುತ್ತೆ. ಅಗ್ಗದ್ರಲ್ಲಿ ನುಂಗ್ಕೊಳ್ಳೋಕೆ ಏನೂ ಇರಲ್ಲ, ಒಂದೋ ರೇಟ್ ಏರ್ಸ್ತಾರೆ, ಇಲ್ಲಾಂದ್ರೆ ಅದೇ ರೇಟಿಗೆ 6 ಜಿಬಿ ಬದ್ಲು 4 ಜಿಬಿ ರ‍್ಯಾಮ್ ಹಾಕಿ ಕೊಡ್ತಾರೆ. ಎರಡನೇದನ್ನ ಗಮನಿಸಿ, ಅದೂ ರೇಟ್ ಏರಿಕೇನೇ, ಡಬ್ಬಿ ಮೇಲೆ ಕಾಣಲ್ಲ ಅಷ್ಟೇ.

ಇದು ಹೊಸ ಕಥೆ ಅಲ್ಲ. 2007ರಲ್ಲಿ ಆಸುಸ್ ಕಂಪನಿ ಈ ಪಿಸಿ (Eee PC) 701 ಅಂತ 7 ಇಂಚಿನ ಪುಟ್ಟ ಲ್ಯಾಪ್‌ಟಾಪ್ ಬಿಟ್ಟಾಗ ನೆಟ್‌ಬುಕ್ ಅನ್ನೋ ಹುಚ್ಚು ಶುರುವಾಯ್ತು. ಅದಾದ್ಮೇಲೆ 2008ರಲ್ಲಿ ಟೆಕ್‌ಕ್ರಂಚ್ ಅನ್ನೋ ಟೆಕ್ ಸುದ್ದಿ ಸೈಟಿನ ಮೈಕಲ್ ಆರಿಂಗ್ಟನ್ ಅನ್ನೋರು ಬರೀ ವೆಬ್ ನೋಡೋಕೆ 200 ಡಾಲರ್‌ಗೆ ಒಂದು ಟ್ಯಾಬ್ಲೆಟ್ ಮಾಡೋಣ ಅಂತ ಹೊರಟ್ರು, ಕ್ರಂಚ್‌ಪ್ಯಾಡ್ ಅಂತ. ಕೀಬೋರ್ಡ್ ಇಲ್ಲ, ದೊಡ್ಡ ಸಾಫ್ಟ್‌ವೇರ್ ಇಲ್ಲ, ಬರೀ ಬ್ರೌಸರ್, ಹಾಗಾಗಿ ಲ್ಯಾಪ್‌ಟಾಪ್‌ಗಿಂತ ಅಗ್ಗ ಆಗ್ಲೇಬೇಕಲ್ವಾ ಅನ್ನೋ ಲೆಕ್ಕ. ಮಧ್ಯದಲ್ಲಿ ಜಗಳ ಆಗಿ ಜೊತೆಗಿದ್ದ ಫ್ಯೂಷನ್ ಗರಾಜ್ ಕಂಪನಿ 2009ರ ಡಿಸೆಂಬರ್‌ನಲ್ಲಿ ಅದನ್ನ ಜೂಜೂ ಅನ್ನೋ ಹೆಸರಲ್ಲಿ ತಾನೇ ಹೊರಗೆ ತಂದಾಗ ರೇಟು 499 ಡಾಲರ್ ಆಗಿತ್ತು. ಆ ದುಡ್ಡಿಗೆ ಆಗ ಕೀಬೋರ್ಡು, ಹಾರ್ಡ್ ಡಿಸ್ಕು ಎಲ್ಲಾ ಇರೋ ನೆಟ್‌ಬುಕ್ ಬಂದು ಮೇಲೆ ದುಡ್ಡೂ ಉಳೀತಿತ್ತು. ಮುಂದಿನ ತಿಂಗಳೇ, 2010ರ ಜನವರಿಯಲ್ಲಿ, ಅದೇ 499 ಡಾಲರ್‌ಗೆ ಮೊದಲ ಐಪ್ಯಾಡ್ ಘೋಷಣೆ ಆಯ್ತು. ಟಚ್ ಸ್ಕ್ರೀನು, ಬ್ಯಾಟರಿ, ತೆಳ್ಳಗಿನ ಬಾಡಿ ಇವೆಲ್ಲ ಕೀಬೋರ್ಡ್‌ಗಿಂತ ದುಬಾರಿ ಸಾಮಾನು, ಕೀಬೋರ್ಡ್ ತೆಗೆದ ಮಾತ್ರಕ್ಕೆ ಟ್ಯಾಬ್ ಅಗ್ಗ ಆಗ್ಬಿಡಲ್ಲ.

ಸರಿ, ಈಗ ಲೆಕ್ಕಕ್ಕೆ ಬರೋಣ. ಮೊದ್ಲು ಅಂಗಡಿ ಕಡೆ ಹೋಗ್ಬೇಡಿ, ಒಂದು ವಾರ ನೀವು ಫೋನಲ್ಲೋ ಹಳೇ ಕಂಪ್ಯೂಟರಲ್ಲೋ ಏನೇನ್ ಮಾಡ್ತೀರಿ ಅಂತ ಗಮನಿಸಿ ಬರೆದಿಟ್ಕೊಳ್ಳಿ. ನೋಡೋದು ಒಂದ್ಕಡೆ (ಸುದ್ದಿ ಓದೋದು, ವಿಡಿಯೋ, ಪಿಡಿಎಫ್, ವಿಡಿಯೋ ಕಾಲ್), ಮಾಡೋದು ಇನ್ನೊಂದ್ಕಡೆ (ಉದ್ದ ಮೇಲ್ ಬರೆಯೋದು, ಫಾರಂ ತುಂಬೋದು, ಎಕ್ಸೆಲ್, ಎರಡು ವಿಂಡೋ ಪಕ್ಕಪಕ್ಕ ಇಟ್ಕೊಂಡು ಕೆಲ್ಸ, ಪ್ರಿಂಟ್, ಫೈಲ್‌ಗಳನ್ನ ಫೋಲ್ಡರ್ ಮಾಡಿ ಜೋಡ್ಸೋದು). ಮನೇಲಿ ಯಾರಿಗೋಸ್ಕರ ತಗೋತಿದೀರೋ ಅವ್ರನ್ನೇ ಕೇಳಿ ಬರೀರಿ, ನೀವೇ ಊಹೆ ಮಾಡ್ಬೇಡಿ, ಅಮ್ಮನಿಗೆ ವಿಡಿಯೋ ಕಾಲ್ ಸಾಕು ಅಂದ್ಕೊಂಡಿರ್ತೀವಿ ಅವ್ರು ನೋಡಿದ್ರೆ ದಿನಾ ಉದ್ದುದ್ದ ಬರೆಯೋರಾಗಿರ್ತಾರೆ. ಪಟ್ಟಿ ಪೂರ್ತಿ ನೋಡೋ ಕಡೆಗೇ ಇದ್ರೆ ಟ್ಯಾಬ್ ಕಡೆ ಹೋಗಿ, ಧೈರ್ಯವಾಗಿ. ಮಾಡೋ ಕಡೆ ದಿನಾ ನಡೆಯೋ ಕೆಲ್ಸ ಒಂದೆರಡು ಇದ್ರೂ ಮುಂದಿನ ಲೆಕ್ಕ ಹುಷಾರಾಗಿ ಹಾಕಿ.

ಆ ಲೆಕ್ಕ ಹೀಗೆ. ಟ್ಯಾಬ್ ರೇಟಿಗೆ ಕವರ್, ಬ್ಲೂಟೂತ್ ಕೀಬೋರ್ಡ್, ಮೆಮೊರಿ ಕಾರ್ಡ್, ಡಬ್ಬಿಯಲ್ಲಿ ಬಂದಿದ್ದು ನಿಧಾನದ ಚಾರ್ಜರ್ ಆದ್ರೆ ಬೇರೆ ಚಾರ್ಜರ್, ಇಷ್ಟೂ ಸೇರ್ಸಿ. ಬಂದ ಮೊತ್ತಾನ ಅದಕ್ಕೆ ಇನ್ನೂ ಎಷ್ಟು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತೋ ಅಷ್ಟರಿಂದ ಭಾಗಿಸಿ. ಲೆಕ್ಕದ ರೀತಿ ತೋರ್ಸೋಕೆ ಮಾತ್ರ ಒಂದು ಉದಾಹರಣೆ ಇಟ್ಕೊಳ್ಳೋಣ, ಟ್ಯಾಬ್ 100, ಮೇಲಿನ ಸಾಮಾನೆಲ್ಲ ಸೇರಿ 35, ಒಟ್ಟು 135, ಅಪ್‌ಡೇಟ್ ಉಳಿದಿರೋದು 3 ವರ್ಷ, ಅಂದ್ರೆ ವರ್ಷಕ್ಕೆ 45. ಪಕ್ಕದಲ್ಲಿ ಚಿಕ್ಕ ಲ್ಯಾಪ್‌ಟಾಪ್ 150, ಅಪ್‌ಡೇಟ್ 6 ವರ್ಷ, ವರ್ಷಕ್ಕೆ 25. ಡಬ್ಬಿ ಮೇಲಿನ ರೇಟ್ ನೋಡಿದ್ರೆ ಟ್ಯಾಬ್ ಗೆದ್ದಿತ್ತು, ಈಗ ನೋಡಿ. ಕೀಬೋರ್ಡು, ಸ್ಟ್ಯಾಂಡು, ಪೆನ್ನು ಅಂತ ಸೇರಿಸ್ತಾ ಹೋದ್ರೆ ಮೂಗಿಗಿಂತ ಮೂಗುತಿ ಭಾರ ಆಗೋದು ಇಲ್ಲೇ. ಆದ್ರೆ ಇದೇ ಲೆಕ್ಕ ಉಲ್ಟಾನೂ ಬರುತ್ತೆ, ಸ್ವಲ್ಪ ಜಾಸ್ತಿ ರೇಟಿನ, 6 ವರ್ಷ ಅಪ್‌ಡೇಟ್ ಸಿಗೋ ಟ್ಯಾಬ್ 130 ಇದ್ದು ಕೀಬೋರ್ಡ್ ಬೇಡವೇ ಬೇಡ ಅಂದ್ರೆ ವರ್ಷಕ್ಕೆ 21 ಚಿಲ್ರೆ ಆಗುತ್ತೆ, ಆಗ ಟ್ಯಾಬೇ ಲಾಭ. ಹಾಗಾಗಿ ನಿಮ್ಮ ನಂಬರ್ ನೀವೇ ಹಾಕಿ ನೋಡ್ಬೇಕು.

ಅಪ್‌ಡೇಟ್ ವರ್ಷ ಹುಡುಕೋದ್ರಲ್ಲಿ ಜನ ಎಡವೋ ಜಾಗ ಅಂದ್ರೆ, ಎಣಿಕೆ ನೀವು ಕೊಂಡ ದಿನದಿಂದ ಶುರುವಾಗಲ್ಲ, ಆ ಮಾಡೆಲ್ ಮಾರ್ಕೆಟ್‌ಗೆ ಬಂದ ದಿನದಿಂದ. ಎರಡು ವರ್ಷ ಹಳೇ ಮಾಡೆಲ್ ಆಫರ್‌ನಲ್ಲಿ ಸಿಕ್ತು ಅಂದ್ರೆ ಆ ಎರಡು ವರ್ಷ ಆಗ್ಲೇ ಕಳೆದುಹೋಗಿದೆ. ಆಂಡ್ರಾಯ್ಡ್ ಟ್ಯಾಬ್ ಕೈಗೆ ಸಿಕ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಸೆಕ್ಯೂರಿಟಿ ಅಪ್‌ಡೇಟ್ ತಾರೀಖು ನೋಡಿ, ಡೆಮೋ ಪೀಸ್ ಅಪ್‌ಡೇಟ್ ಮಾಡಿಲ್ಲದೇ ಇರಬಹುದು, ಅದಕ್ಕೆ ಕಂಪನಿ ವೆಬ್‌ಸೈಟ್‌ನಲ್ಲೂ ಎಷ್ಟು ವರ್ಷ ಅಂತ ಬರೆದಿದಾರಾ ಹುಡುಕಿ, ಎಲ್ಲೂ ಬರೆದಿಲ್ಲ ಅಂದ್ರೆ ಲೆಕ್ಕದಲ್ಲಿ 2 ವರ್ಷಕ್ಕಿಂತ ಜಾಸ್ತಿ ಹಾಕ್ಬೇಡಿ, ನಾನಂತೂ ಹಾಕಲ್ಲ. ಕ್ರೋಮ್‌ಬುಕ್ (ಗೂಗಲ್‌ನ ಕ್ರೋಮ್‌ಒಎಸ್ ಮೇಲೆ ಓಡೋ ಲ್ಯಾಪ್‌ಟಾಪ್) ಆದ್ರೆ ಇದು ಸುಲಭ, 2021ರಿಂದ ಬಂದ ಮಾಡೆಲ್‌ಗಳಿಗೆ 10 ವರ್ಷ ಅಪ್‌ಡೇಟ್ ಅಂತ ಗೂಗಲ್ ಹೇಳಿದೆ, ಕೊನೇ ತಾರೀಖು ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತೆ. ವಿಂಡೋಸ್ ಲ್ಯಾಪ್‌ಟಾಪ್ ಆದ್ರೆ ವಿಂಡೋಸ್ 11 ಓಡ್ಲೇಬೇಕು, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು.

ಇನ್ನು ರ‍್ಯಾಮ್. ಬ್ರೌಸಿಂಗ್ ಅಂದ್ರೆ ಹಗುರ ಕೆಲ್ಸ ಅನ್ನೋ ನಂಬಿಕೆ ಇದೆ, ಅದು ತಪ್ಪು, ಈಗಿನ ವೆಬ್‌ಸೈಟ್‌ಗಳು ಒಂದೊಂದೂ ಒಂದು ಆಪ್ ಥರ, ಜಾಹೀರಾತು, ವಿಡಿಯೋ, ಸ್ಕ್ರಿಪ್ಟ್ ಎಲ್ಲಾ ಸೇರಿ ನೂರಾರು ಎಂಬಿ ತಿಂತವೆ. ರ‍್ಯಾಮ್ ಕಮ್ಮಿ ಇದ್ರೆ ಹಿಂದೆ ತೆರೆದಿಟ್ಟ ಪೇಜನ್ನ ಬ್ರೌಸರ್ ಸದ್ದಿಲ್ಲದೆ ಮೆಮೊರಿಯಿಂದ ತೆಗೆದುಹಾಕುತ್ತೆ, ವಾಪಸ್ ಬಂದಾಗ ಪೇಜ್ ಮತ್ತೆ ಮೊದಲಿಂದ ಲೋಡ್ ಆಗುತ್ತೆ, ಅರ್ಧ ತುಂಬಿದ್ದ ಫಾರಂ ಹೋಗಿರುತ್ತೆ, ಒಟಿಪಿ ನೋಡೋಕೆ ಮೆಸೇಜ್‌ಗೆ ಹೋಗಿ ಬಂದ್ರೆ ಪೇಮೆಂಟ್ ಪೇಜೇ ಇರಲ್ಲ. ಟ್ಯಾಬ್‌ಗೆ 4 ಜಿಬಿ ಅನ್ನೋದು ತೀರಾ ಕೆಳಗಿನ ಗೆರೆ, 6 ಇದ್ರೆ ನೆಮ್ಮದಿ. ವಿಂಡೋಸ್ 11ಕ್ಕೆ ಕಾಗದದ ಮೇಲೆ 4 ಜಿಬಿ ಸಾಕು, ನಿಜವಾಗಿ 8 ಬೇಕು, 4 ಜಿಬಿ ವಿಂಡೋಸ್ ಲ್ಯಾಪ್‌ಟಾಪ್ ಎಷ್ಟೇ ಅಗ್ಗಕ್ಕೆ ಸಿಕ್ರೂ ಬೇಡ, ಅದಕ್ಕಿಂತ 4 ಜಿಬಿ ಟ್ಯಾಬೇ ಚೆನ್ನಾಗಿ ಓಡುತ್ತೆ. ಟ್ಯಾಬ್ ಡಬ್ಬಿ ಮೇಲೆ 4+4 ಅಂತಲೋ "8 ಜಿಬಿವರೆಗೂ" ಅಂತಲೋ ಬರೆದಿದ್ರೆ ಎರಡನೇ 4ನ್ನ ಮರ್ತುಬಿಡಿ, ಅದು ಸ್ಟೋರೇಜ್‌ನ ಒಂದು ಭಾಗಾನ ರ‍್ಯಾಮ್ ಥರ ಬಳ್ಸೋದು, ಅಗ್ಗದ ಟ್ಯಾಬಿನ ಸ್ಟೋರೇಜ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ.

ಸ್ಟೋರೇಜ್‌ನಲ್ಲಿ ಜಿಬಿ ಎಷ್ಟು ಅನ್ನೋದ್ರ ಜೊತೆಗೆ ಯಾವ ಜಾತಿ ಅಂತಾನೂ ನೋಡಿ. ಇಎಂಎಂಸಿ ಅನ್ನೋದು ಅಗ್ಗದ್ದು, ಅದ್ರ ಕೊನೇ ತಲೆಮಾರಿನ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ, ಲ್ಯಾಪ್‌ಟಾಪಿನ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಸೆಕೆಂಡಿಗೆ ಸಾವಿರಾರು ಎಂಬಿ ವೇಗದಲ್ಲಿ ಓಡುತ್ತೆ. ಟ್ಯಾಬ್‌ನಲ್ಲಿ ಇಎಂಎಂಸಿ ಇದ್ರೆ ಸಹಿಸ್ಕೋಬಹುದು, ವಿಂಡೋಸ್‌ನಲ್ಲಿ 64 ಜಿಬಿ ಇಎಂಎಂಸಿ ಇರೋದನ್ನ ಮಾತ್ರ ತಗೋಬೇಡಿ, ಅಪ್‌ಡೇಟ್ ಬಂದಾಗ ಜಾಗ ಸಾಲಲ್ಲ, ಬೋರ್ಡಿಗೇ ಅಂಟಿಸಿರೋದ್ರಿಂದ ಬದಲಾಯ್ಸೋಕೂ ಆಗಲ್ಲ.

ಸ್ಕ್ರೀನ್ ವಿಷ್ಯದಲ್ಲಿ ಟ್ಯಾಬ್ ಮುಂದೆ. 10.1 ಇಂಚಲ್ಲಿ 1920×1200 ಇದ್ರೆ ಇಂಚಿಗೆ ಸುಮಾರು 224 ಪಿಕ್ಸೆಲ್, ಕನ್ನಡದ ಒತ್ತಕ್ಷರ ಎಲ್ಲಾ ಗೆರೆ ಗೆರೆ ಸ್ಪಷ್ಟ. 11.6 ಇಂಚಿನ ಹಳೇ ಥರದ ಲ್ಯಾಪ್‌ಟಾಪ್ 1366×768 ಅಂದ್ರೆ ಸುಮಾರು 135, ಓದೋದೇ ಮುಖ್ಯ ಆದವರಿಗೆ ಕಣ್ಣಿಗೆ ಶ್ರಮ. ಟ್ಯಾಬಲ್ಲೂ 1280×800 ಇದ್ರೆ 149ಕ್ಕೆ ಇಳಿಯುತ್ತೆ, ಅದು ಬೇಡ. ವಿಡಿಯೋಗೇ ತಗೊಳ್ಳೋದಾದ್ರೆ ವೈಡ್‌ವೈನ್ ಎಲ್1 (ವಿಡಿಯೋ ಕಾಪಿ ಆಗದ ಹಾಗೆ ಹಾಕೋ ಬೀಗದ ಮೇಲಿನ ಮಟ್ಟ) ಇದ್ಯಾ ಕೇಳಿ, ಡಿಆರ್‌ಎಂ ಇನ್ಫೋ ಅನ್ನೋ ಪುಟ್ಟ ಆಪ್ ಹಾಕಿದ್ರೆ ಗೊತ್ತಾಗುತ್ತೆ, ಎಲ್3 ಅಂತ ತೋರ್ಸಿದ್ರೆ ಸ್ಕ್ರೀನ್ ಎಷ್ಟೇ ಚೆನ್ನಾಗಿದ್ರೂ ನೆಟ್‌ಫ್ಲಿಕ್ಸ್ ಥರದವು ಎಚ್‌ಡಿ ಕೊಡಲ್ಲ.

ಯಾರೂ ಹೇಳದೇ ಇರೋ ವಿಷ್ಯ ಒಂದಿದೆ, ಟ್ಯಾಬಿನ ಬ್ರೌಸರ್ರು ಲ್ಯಾಪ್‌ಟಾಪಿನ ಬ್ರೌಸರ್ರು ಹೆಸರಲ್ಲಿ ಒಂದೇ, ಕೆಲ್ಸದಲ್ಲಿ ಬೇರೆ. ಆಂಡ್ರಾಯ್ಡ್ ಟ್ಯಾಬಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರ್ಸೋ ಪುಟ್ಟ ಸಾಫ್ಟ್‌ವೇರ್) ಹಾಕೋಕಾಗಲ್ಲ, ಫೈರ್‌ಫಾಕ್ಸ್‌ನಲ್ಲಿ ಆಗುತ್ತೆ, ಅದಕ್ಕೆ ಅಗ್ಗದ ಟ್ಯಾಬ್ ತಗೊಂಡವರಿಗೆಲ್ಲ ನಾನು ಹೇಳೋದು ಫೈರ್‌ಫಾಕ್ಸ್ ಹಾಕಿ ಅದಕ್ಕೊಂದು ಆಡ್ ಬ್ಲಾಕರ್ ಸೇರ್ಸಿ ಅಂತ, ಪೇಜ್ ಹಗುರ ಆಗಿ ಕಮ್ಮಿ ರ‍್ಯಾಮ್‌ನಲ್ಲೂ ಉಸಿರಾಡುತ್ತೆ. ಆಮೇಲೆ ಕೆಲವು ಸೈಟ್‌ಗಳು ಮೊಬೈಲ್ ಪೇಜೇ ತೋರ್ಸ್ತವೆ, ಡೆಸ್ಕ್‌ಟಾಪ್ ಸೈಟ್ ಅಂತ ಟಿಕ್ ಮಾಡಿದ್ರೂ ಮೌಸ್ ಇಟ್ಟಾಗ ಮಾತ್ರ ತೆರೆಯೋ ಮೆನುಗಳು ಬೆರಳಿಗೆ ಸಿಗಲ್ಲ. ನಿಮಗೆ ದಿನಾ ಬೇಕಾಗೋ ಮೂರ್ನಾಲ್ಕು ಸೈಟ್‌ಗಳನ್ನ ಅಂಗಡಿಯಲ್ಲಿರೋ ಟ್ಯಾಬಲ್ಲೇ ತೆರೆದು, ಲಾಗಿನ್ ಪೇಜ್‌ವರೆಗಾದ್ರೂ ಹೋಗಿ ನೋಡಿ, ನಿಮ್ಮ ಪಾಸ್‌ವರ್ಡ್ ಮಾತ್ರ ಅಲ್ಲಿ ಹಾಕ್ಬೇಡಿ.

ಟ್ಯಾಬ್ ಪರವಾಗಿ ಇನ್ನೂ ಹೇಳ್ಬೇಕು. ಒತ್ತಿದ ತಕ್ಷಣ ಎಚ್ಚರ ಆಗುತ್ತೆ, ಫ್ಯಾನ್ ಸದ್ದಿಲ್ಲ, ಮಲಗಿ ಓದ್ಬಹುದು, ಒಂದು ವಾರ ಪಕ್ಕಕ್ಕೆ ಇಟ್ರೂ ಚಾರ್ಜ್ ಉಳಿದಿರುತ್ತೆ. ವಯಸ್ಸಾದವರಿಗೆ, ಕಂಪ್ಯೂಟರ್ ಮುಟ್ಟೇ ಗೊತ್ತಿಲ್ಲದವರಿಗೆ ಬೆರಳಲ್ಲಿ ಮುಟ್ಟಿ ಮಾಡೋದು ಮೌಸ್‌ಗಿಂತ ಬೇಗ ಕೈಗೆ ಹತ್ತುತ್ತೆ. ಇವಕ್ಕೆಲ್ಲ ಬೆಲೆ ಇದೆ, ಲೆಕ್ಕದಲ್ಲಿ ಸ್ವಲ್ಪ ಹಿಂದೆ ಬಿದ್ರೂ ಇದಕ್ಕೋಸ್ಕರ ಟ್ಯಾಬ್ ತಗೊಂಡ್ರೆ ತಪ್ಪಿಲ್ಲ.

ಎರಡೂ ಹೊಸದ್ರ ರೇಟ್ ಕೈಗೆ ಎಟುಕ್ತಿಲ್ಲ ಅಂದ್ರೆ ಮೂರನೇ ದಾರಿ ಹಳೇ ಚಿಕ್ಕ ಲ್ಯಾಪ್‌ಟಾಪ್, ಆಫೀಸುಗಳು ಬಳಸಿ ಬಿಟ್ಟ 12-13 ಇಂಚಿನ ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡ್ ಥರದವು. ಅವುಗಳೊಳಗಿನ ರ‍್ಯಾಮ್ ಚಿಪ್ ರೇಟ್ ಏರೋಕೆ ಮುಂಚೇನೇ ಹಾಕಿದ್ದು, ಅದಕ್ಕೇ ಹೊಸದ್ರಷ್ಟು ಹೊಡೆತ ಇಲ್ಲಿ ಬೀಳಲ್ಲ. ಇಂಟೆಲ್ ಆದ್ರೆ 8ನೇ ತಲೆಮಾರು ಅಥವಾ ಅದ್ರ ಮೇಲಿನದ್ದು ನೋಡಿ, ವಿಂಡೋಸ್ 11 ಅಧಿಕೃತವಾಗಿ ಓಡೋದು ಅಲ್ಲಿಂದ. ಅದಕ್ಕಿಂತ ಹಳೇದು ಸಿಕ್ಕಿದ್ರೆ ಲಿನಕ್ಸ್ ಮಿಂಟ್ ಅಥವಾ ಕ್ರೋಮ್‌ಒಎಸ್ ಫ್ಲೆಕ್ಸ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ವಿಂಡೋಸ್ ಬದ್ಲು ಹಾಕಿ ಬರೀ ಬ್ರೌಸಿಂಗ್‌ಗೆ ಆರಾಮಾಗಿ ಬಳ್ಸಬಹುದು, ಎರಡೂ ಫ್ರೀ. ದುಡ್ಡು ಕೊಡೋ ಮುಂಚೆ, ವಿಂಡೋಸ್ ಶುರುವಾಗೋಕೂ ಮೊದ್ಲು ಬರೋ ಸೆಟ್ಟಿಂಗ್ಸ್ ಆದ ಬಯೋಸ್‌ಗೆ ಹೋಗಿ ಪಾಸ್‌ವರ್ಡ್ ಕೇಳುತ್ತಾ ನೋಡಿ, ಕೇಳಿದ್ರೆ ಬಿಟ್ಬಿಡಿ. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ (powercfg /batteryreport) ಕಮಾಂಡಿಂದ ಬ್ಯಾಟರಿ ರಿಪೋರ್ಟ್ ತೆಗೆದು ಮೊದಲಿದ್ದ ಸಾಮರ್ಥ್ಯ ಎಷ್ಟು ಈಗ ಪೂರ್ತಿ ಚಾರ್ಜ್ ಆದಾಗ ಎಷ್ಟು ಅಂತ ಹೋಲಿಸಿ, ಅರ್ಧಕ್ಕೆ ಇಳಿದಿದ್ರೆ ಹೊಸ ಬ್ಯಾಟರಿ ಖರ್ಚನ್ನೂ ಲೆಕ್ಕಕ್ಕೆ ಸೇರ್ಸಿ. ಹಳೇ ಟ್ಯಾಬ್ ಮಾತ್ರ ನಾನು ಹೇಳಲ್ಲ, ಅಂಟಿಸಿರೋ ಬ್ಯಾಟರಿ, ಮುಗಿದುಹೋದ ಅಪ್‌ಡೇಟು, ಮೇಲಿಂದ ಹಳೇ ಮಾಲೀಕರ ಗೂಗಲ್ ಅಥವಾ ಆಪಲ್ ಅಕೌಂಟ್ ತೆಗೆಯದೇ ಕೊಟ್ಟಿದ್ರೆ ಲಾಕ್ ಆಗಿ ಕೂತಿರುತ್ತೆ.

ಹೊಸದು ಯಾವುದೇ ತಗೊಳ್ಳಿ, ವಾಪಸ್ ಮಾಡೋ ಅವಕಾಶ ಎಷ್ಟು ದಿನ ಅಂತ ಕೇಳಿ ಬಿಲ್ ಮೇಲೆ ಬರೆಸ್ಕೊಳ್ಳಿ, ಡಬ್ಬಿ, ಪ್ಲಾಸ್ಟಿಕ್ ಕವರ್ ಏನೂ ಬಿಸಾಕ್ಬೇಡಿ. ಮೊದಲ ದಿನಾನೇ ಇರೋ ಅಪ್‌ಡೇಟೆಲ್ಲ ಹಾಕಿ, ಯಾಕಂದ್ರೆ ಅಪ್‌ಡೇಟ್ ಆದ್ಮೇಲೇ ನಿಜವಾದ ವೇಗ, ಉಳಿದ ಜಾಗ ಗೊತ್ತಾಗೋದು. ಆಮೇಲೆ ನೀವು ಬರೆದಿಟ್ಕೊಂಡ ಪಟ್ಟಿ ತೆಗೆದು ಅದ್ರಲ್ಲಿರೋ ಒಂದೊಂದು ಕೆಲ್ಸಾನೂ ಮಾಡಿ ನೋಡಿ, ಹತ್ತು ಪೇಜ್ ಒಟ್ಟಿಗೆ ತೆರೆದು ಮೊದಲನೇದಕ್ಕೆ ವಾಪಸ್ ಬನ್ನಿ, ಮತ್ತೆ ಲೋಡ್ ಆಗೋಕೆ ಶುರುವಾದ್ರೆ, ಅದು ನಿಮಗೆ ದಿನಾ ಕಿರಿಕಿರಿ ಅನ್ಸೋ ಥರ ಇದ್ರೆ, ವಾಪಸ್ ದಿನ ಮುಗಿಯೋ ಮುಂಚೆ ಕೊಟ್ಟುಬಿಡಿ.