ಫ್ರಿಜ್ಜಿನ ಸ್ಯಾಂಪಲ್ಲೂ ಆಟಿ ತಿಂಗಳ ಕಪಾಟೂ: ಜೆನೆರಿಕ್ ಖರೀದಿಯಲ್ಲಿ ನನ್ನ ಅನುಭವ

ಮಂಗಳೂರಿನ ಮಧ್ಯಮ ಗಾತ್ರದ ಒಂದು ಆಸ್ಪತ್ರೆಯ ಫಾರ್ಮಸಿಗೆ ಜೆನೆರಿಕ್ (ಮೂಲ ಕಂಪನಿಯ ಪೇಟೆಂಟ್ ಮುಗಿದ ಮೇಲೆ ಬೇರೆಯವರು ತಯಾರಿಸುವ ಅದೇ ಔಷಧಿ) ಖರೀದಿಯ ಕ್ರಮ ಹಾಕಿಕೊಳ್ಳುವಾಗ ನಾವು ಮೊದಲು ಓದಿದ್ದು ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿಯ ಪ್ರಕರಣವನ್ನು. ದರಪಟ್ಟಿ ಆಮೇಲೆ. ಜೆನೆರಿಕ್ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅಷ್ಟು ವಿವರವಾಗಿ ಕೋರ್ಟಿನಲ್ಲೇ ಒಪ್ಪಿಕೊಂಡ ಕಂಪನಿ ಇನ್ನೊಂದು ಸಿಗುವುದು ಕಷ್ಟ.

ಇತಿಹಾಸ ಚುಟುಕಾಗಿ ಇಷ್ಟು. 1937ರಲ್ಲಿ ಅಮೃತಸರದಲ್ಲಿ ಶುರುವಾದ ಅಂಗಡಿ. ರಣಬೀರ್, ಗುರ್ಬಕ್ಸ್ ಎಂಬ ಇಬ್ಬರ ಹೆಸರು ಸೇರಿ ಕಂಪನಿಯ ಹೆಸರಾಯಿತು. 2004ರಲ್ಲಿ ಒಳಗಿನವರೇ ದಾಖಲೆಗಳನ್ನು ಜಾಲಾಡಿದಾಗ ಪರೀಕ್ಷೆಯ ಅಂಕಿಗಳು ಕಟ್ಟುಕತೆ ಎಂದು ಗೊತ್ತಾಯಿತು. ಹಾಗೆ ಜಾಲಾಡಿದ್ದ ದಿನೇಶ್ ಠಾಕೂರ್ 2005ರಲ್ಲಿ ಕೆಲಸ ಬಿಟ್ಟು, ಬೇರೆ ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಬರೆದರು. 2008ರ ಸೆಪ್ಟೆಂಬರಿನಲ್ಲಿ ಪಾಂವ್ಟಾ ಸಾಹಿಬ್ ಮತ್ತು ದೇವಾಸ್ ಕಾರ್ಖಾನೆಗಳ 30ಕ್ಕೂ ಹೆಚ್ಚು ಔಷಧಿಗಳಿಗೆ ಅಮೆರಿಕ ಬಾಗಿಲು ಹಾಕಿತು. ಅದೇ ವರ್ಷ ಜಪಾನಿನ ದಾಯಿಚಿ ಸಾಂಕ್ಯೊ ಕಂಪನಿ ಸುಮಾರು 460 ಕೋಟಿ ಡಾಲರ್ ಕೊಟ್ಟು ಇದನ್ನು ಕೊಂಡಿತ್ತು, ಪಾಪ. 2013ರ ಮೇ ತಿಂಗಳಲ್ಲಿ ಅಮೆರಿಕದ ಅಂಗಸಂಸ್ಥೆ ಏಳು ಕ್ರಿಮಿನಲ್ ಆರೋಪ ಒಪ್ಪಿಕೊಂಡಿತು, ದಂಡ-ಪರಿಹಾರ ಎಲ್ಲ ಸೇರಿ 50 ಕೋಟಿ ಡಾಲರ್. ಮೊಹಾಲಿ, ಟೊಆನ್ಸಾ ಕಾರ್ಖಾನೆಗಳಿಗೂ ತಡೆ ಬಿತ್ತು. 2015ರಲ್ಲಿ ಕಂಪನಿ ಸನ್ ಫಾರ್ಮಾದೊಳಗೆ ಸೇರಿಹೋಯಿತು. ಷೇರು ಮಾರಿದವರು ದಾಯಿಚಿಗೆ ಸುಮಾರು 2,562 ಕೋಟಿ ರೂಪಾಯಿ ಕೊಡಬೇಕೆಂದು ಸಿಂಗಾಪುರದ ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಬಂದದ್ದು 2016ರಲ್ಲಿ.

ನಮಗೆ ಬೇಕಾದದ್ದು ಇದರೊಳಗಿನ ಒಂದೇ ಸಂಗತಿ. ಹೊಸ ಮಾತ್ರೆಯ ಸ್ಯಾಂಪಲ್‌ಗಳನ್ನು ನಿಗದಿತ ಬಿಸಿ, ನಿಗದಿತ ತೇವದ ಕೋಣೆಯಲ್ಲಿಟ್ಟು 3, 6, 9, 12ನೇ ತಿಂಗಳಿಗೆ ಹೊರತೆಗೆದು ಪರೀಕ್ಷಿಸಬೇಕು. ಸ್ಟ್ರಿಪ್ ಮೇಲಿನ ಎಕ್ಸ್‌ಪೈರಿ ಹುಟ್ಟುವುದೇ ಅಲ್ಲಿ. ರ‍್ಯಾನ್‌ಬ್ಯಾಕ್ಸಿಯವರು ಕೆಲವು ಸ್ಯಾಂಪಲ್‌ಗಳನ್ನು ಪರೀಕ್ಷೆಯ ತನಕ ಫ್ರಿಜ್ಜಿನಲ್ಲಿ ಇಟ್ಟಿದ್ದರು. ತಿಂಗಳುಗಳ ಅಂತರದಲ್ಲಿ ಆಗಬೇಕಿದ್ದ ಪರೀಕ್ಷೆಗಳನ್ನು ಒಂದೇ ದಿನ ಅಥವಾ ನಾಲ್ಕಾರು ದಿನಗಳೊಳಗೆ ಮುಗಿಸಿ, ಕಾಗದದಲ್ಲಿ ಬೇರೆ ತಾರೀಖು ಹಾಕಿದ್ದರು. ಹಾಗೆ ತಾರೀಖು ತಿದ್ದಿದ ಔಷಧಿಗಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್ ಕೂಡ ಇತ್ತು. ಕ್ಲಾವುಲನೇಟ್ ಅಂದರೆ ತೇವ ಕಂಡರೆ ಕೆಟ್ಟುಹೋಗುವ ಜೀವ. ಫ್ರಿಜ್ಜಿನಲ್ಲಿ ಅದು ಚೆನ್ನಾಗಿಯೇ ಇರುತ್ತದೆ. ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ಮಂಗಳೂರಿನ ಹಂಪನಕಟ್ಟೆಯ ಕಪಾಟಿನಲ್ಲಿ, ಗಾಳಿಯ ತೇವಾಂಶ ಶೇ. 90ರ ಹತ್ತಿರ ಇರುವಾಗ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಹಾಗಾಗಿ ಕಾಗದದಲ್ಲಿ ನಾವು ಫಲಿತಾಂಶಕ್ಕಿಂತ ಮೊದಲು ತಾರೀಖು ನೋಡುತ್ತೇವೆ. ಪ್ರತಿ ಬ್ಯಾಚ್‌ಗೂ ತಯಾರಕರ ಅನಾಲಿಸಿಸ್ ರಿಪೋರ್ಟ್ ಕೇಳಿ ಪಡೆಯುತ್ತೇವೆ. ಕೊಡಲು ಕುಣಿದಾಡುವ ಕಂಪನಿಗೆ ಎರಡನೇ ಆರ್ಡರ್ ಇಲ್ಲ. ತಯಾರಿಕೆಯ ತಾರೀಖು, ಸ್ಯಾಂಪಲ್ ತೆಗೆದದ್ದು, ಪರೀಕ್ಷೆ ಮುಗಿದದ್ದು, ಬಿಡುಗಡೆ ಆದದ್ದು: ಈ ನಾಲ್ಕೂ ಒಂದರ ಹಿಂದೆ ಒಂದು ಬರಬೇಕು. ಮಾತ್ರೆ ತಯಾರಾಗುವ ಮೊದಲೇ ಪರೀಕ್ಷೆ ಮುಗಿದಿದ್ದ ರಿಪೋರ್ಟೂ ನಮ್ಮ ಕೈಗೆ ಬಂದದ್ದುಂಟು. ಟೈಪಿಂಗ್ ತಪ್ಪು ಎಂದರು. ಇರಬಹುದು, ಆದರೆ ಮಾಲು ವಾಪಸ್ಸೇ ಹೋಯಿತು. ಫಲಿತಾಂಶದ ಕಡೆ ಬರೀ ‘ಸರಿಯಿದೆ’ ಎಂದಿದ್ದರೆ ಸಾಲದು, ಅಂಕಿ ಬೇಕು. ಡಿಸಲ್ಯೂಷನ್, ಅಂದರೆ ಔಷಧಿ ಮಾತ್ರೆಯಿಂದ ಬಿಟ್ಟು ನೀರಿನಲ್ಲಿ ಕರಗುವ ಪರೀಕ್ಷೆ, ಆರು ಮಾತ್ರೆಗಳ ಮೇಲೆ ನಡೆಯುತ್ತದೆ. ಆರಕ್ಕೂ ಒಂದೇ ಅಂಕಿ ಬಂದಿದ್ದರೆ, ಅಥವಾ ಐದಾರು ಬ್ಯಾಚ್‌ಗಳಲ್ಲಿ ಔಷಧಿಯ ಪ್ರಮಾಣ ದಶಾಂಶ ಸಮೇತ ಒಂದೇ ಆಗಿದ್ದರೆ, ಅದು ಪ್ರಯೋಗಾಲಯದಿಂದ ಬಂದದ್ದಲ್ಲ, ಕಾಪಿ-ಪೇಸ್ಟ್.

ವರ್ಷದ ಕರಾರು ಮಾಡುವಾಗ ಸ್ಟೆಬಿಲಿಟಿಯ, ಅಂದರೆ ಮೇಲೆ ಹೇಳಿದ ತಿಂಗಳುವಾರು ಪರೀಕ್ಷೆಯ, ಸಾರಾಂಶವನ್ನೂ ಕೇಳುತ್ತೇವೆ, ಮೂರು ಬ್ಯಾಚ್‌ಗಳದ್ದು. ಅದರಲ್ಲಿ ಸ್ಯಾಂಪಲ್ ಕೋಣೆಯಿಂದ ತೆಗೆದ ದಿನ ಮತ್ತು ಪರೀಕ್ಷೆ ಮಾಡಿದ ದಿನ ಬೇರೆ ಬೇರೆ ಕಾಲಮ್ಮಿನಲ್ಲಿ ಇರಬೇಕು. ನಿಜವಾದ ದಾಖಲೆ ಸ್ವಲ್ಪ ಅಂಕುಡೊಂಕಾಗಿಯೇ ಇರುತ್ತದೆ: ಒಮ್ಮೆ ಮೂರು ದಿನ ತಡ, ಇನ್ನೊಮ್ಮೆ ಒಂಬತ್ತು ದಿನ, ನಡುವೆ ದೀಪಾವಳಿ ರಜೆ. ಕ್ಲಾವುಲನೇಟಿನ ಪ್ರಮಾಣ ತಿಂಗಳು ಕಳೆದಂತೆ ನಿಧಾನಕ್ಕೆ ಇಳಿಯಬೇಕು. 24 ತಿಂಗಳಾದರೂ ಇದ್ದಲ್ಲೇ ಇದ್ದರೆ ಆ ಸ್ಯಾಂಪಲ್ ಎಲ್ಲಿ ಕೂತಿತ್ತು ಎಂದು ಕೇಳಲೇಬೇಕು. 40 ಡಿಗ್ರಿ, ಶೇ. 75 ತೇವದಲ್ಲಿ 6 ತಿಂಗಳ ವೇಗದ ಪರೀಕ್ಷೆಯ ಹಾಳೆ ಮಾತ್ರ ಕೊಟ್ಟರೆ ಅದನ್ನು ಅರ್ಧ ಉತ್ತರ ಎಂದೇ ಲೆಕ್ಕ ಹಾಕುತ್ತೇವೆ. ಫಿನೈಟಾಯಿನ್, ಕಾರ್ಬಮಜೆಪೈನ್‌ನಂಥ ಸುಲಭವಾಗಿ ಕರಗದ ಔಷಧಿಗಳಿಗೆ ಬಯೋಈಕ್ವಿವಲೆನ್ಸ್ ರಿಪೋರ್ಟೂ, ಅಂದರೆ ಮೂಲ ಔಷಧಿಯಷ್ಟೇ ರಕ್ತಕ್ಕೆ ಸೇರುತ್ತದೆ ಎಂದು ತೋರಿಸುವ ಅಧ್ಯಯನವೂ, ಬೇಕು. ಈ ಗುಂಪಿನ ಔಷಧಿಗಳಿಗೆ ಅದು ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಲೈಸೆನ್ಸಿನ ಮಾಲು ಆ ಅಧ್ಯಯನ ಇಲ್ಲದೆಯೇ ಮಾರುಕಟ್ಟೆಯಲ್ಲಿ ಇರಬಹುದು.

ಇನ್ನು ಹೆಸರಿನ ವಿಚಾರ. ಸ್ಟ್ರಿಪ್ ಮೇಲೆ ದೊಡ್ಡದಾಗಿ ಇರುವುದು ಮಾರುವವರ ಹೆಸರು. ಮಾಡುವವರದ್ದು ಇರುವೆ ಅಕ್ಷರದಲ್ಲಿ, ಬದ್ದಿಯೋ ಹರಿದ್ವಾರವೋ ಸಿಕ್ಕಿಮೋ ಎಂದು. ನಮ್ಮ ರಿಜಿಸ್ಟರಿನಲ್ಲಿ ಬ್ರ್ಯಾಂಡಿನ ಪಕ್ಕದಲ್ಲಿ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಬರೆಯುತ್ತೇವೆ. ಒಂದೇ ಬ್ರ್ಯಾಂಡು ಈ ವರ್ಷ ಒಂದು ಊರಲ್ಲಿ, ಮುಂದಿನ ವರ್ಷ ಇನ್ನೊಂದು ಊರಲ್ಲಿ ತಯಾರಾಗಬಹುದು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಗುಣಮಟ್ಟ ಇಲ್ಲದ ಬ್ಯಾಚ್‌ಗಳ ಪಟ್ಟಿ ಹಾಕುತ್ತದೆ. ಅದನ್ನು ಬ್ರ್ಯಾಂಡ್ ಹೆಸರಿನಿಂದ ಮಾತ್ರ ಹುಡುಕಿದರೆ ಸಾಲದು, ತಯಾರಕರ ವಿಳಾಸದಿಂದಲೂ ಹುಡುಕಬೇಕು. ಪಟ್ಟಿಯಲ್ಲಿ ಒಮ್ಮೆ ಹೆಸರು ಬಂದ ಮಾತ್ರಕ್ಕೆ ನಾವು ಕೈಬಿಡುವುದಿಲ್ಲ. ಹೆಸರು ಕದ್ದು ಮಾಡಿದ ನಕಲಿ ಮಾಲೂ ಅದರಲ್ಲಿ ಇರುತ್ತದೆ. ಒಂದೇ ಕಾರ್ಖಾನೆ ಒಂದೇ ವರ್ಷದಲ್ಲಿ ಎರಡು ಸಲ ಡಿಸಲ್ಯೂಷನ್‌ನಲ್ಲೋ ಔಷಧಿಯ ಪ್ರಮಾಣದಲ್ಲೋ ಬಿದ್ದರೆ ಅಲ್ಲಿಗೆ ನಮಸ್ಕಾರ.

ಬಿಲ್ಲಿನಲ್ಲಿರುವ ಬ್ಯಾಚ್ ನಂಬರಿಗೂ ಪೆಟ್ಟಿಗೆಯಲ್ಲಿರುವ ನಂಬರಿಗೂ ತಾಳೆ ನೋಡುವ ಕೆಲಸ ಬೇಸರದ್ದು, ಆದರೆ ಬಿಡುವ ಹಾಗಿಲ್ಲ. 1940ರ ಔಷಧ ಕಾಯ್ದೆಯ 19(3)ನೇ ಕಲಮು ಮಾರುವವನನ್ನು ಕಾಪಾಡುವುದು ಮೂರು ಷರತ್ತಿನ ಮೇಲೆ: ಲೈಸೆನ್ಸ್ ಇದ್ದವರಿಂದಲೇ ಕೊಂಡಿರಬೇಕು, ದೋಷ ಗೊತ್ತಿರಬಾರದು ಮತ್ತು ಎಚ್ಚರ ವಹಿಸಿದರೂ ಗೊತ್ತಾಗುವಂತಿರಬಾರದು, ಸರಿಯಾಗಿ ಇಟ್ಟು ಬಂದ ಸ್ಥಿತಿಯಲ್ಲೇ ಮಾರಿರಬೇಕು. ಮೂರನೆಯದರಲ್ಲಿ ಕರಾವಳಿಯವರು ಸಿಕ್ಕಿಬೀಳುವುದು ಜಾಸ್ತಿ.

ಕಪಾಟಿನ ತಪ್ಪುಗಳು ಎಲ್ಲ ಕಡೆ ಒಂದೇ. ಕೆಂಪುಕಲ್ಲಿನ ಗೋಡೆಗೆ ತಾಗಿಸಿ ರ‍್ಯಾಕ್ ಇಡುತ್ತಾರೆ. ಪಶ್ಚಿಮದ ಗೋಡೆಯಂತೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆವರುತ್ತಲೇ ಇರುತ್ತದೆ. ಒಂದು ಗೇಣು ಬಿಟ್ಟು ಇಡಬೇಕು. ರಟ್ಟಿನ ಪೆಟ್ಟಿಗೆ ನೆಲಕ್ಕಿಟ್ಟರೆ ನೀರು ಹೀರುತ್ತದೆ, ಪ್ಲಾಸ್ಟಿಕ್ ಪ್ಯಾಲೆಟ್ ಹಾಕಬೇಕು. ಹಗಲು ಎಸಿ ಹಾಕಿ ರಾತ್ರಿ ಬಂದ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು: ತಣ್ಣಗಿರುವ ಫಾಯಿಲ್ ಮೇಲೆ ಬೆಚ್ಚಗಿನ ತೇವದ ಗಾಳಿ ಬಂದು ಹನಿಗಟ್ಟುತ್ತದೆ. ನಾವು 25 ಡಿಗ್ರಿಯಲ್ಲಿ ಎಸಿಯನ್ನೂ, ಜೊತೆಗೆ ಡಿಹ್ಯುಮಿಡಿಫೈಯರನ್ನೂ ಹಗಲು-ರಾತ್ರಿ ಓಡಿಸಿ ತೇವಾಂಶವನ್ನು ಶೇ. 60ರ ಕೆಳಗೆ ಇಡುತ್ತೇವೆ. ಬೆಳಿಗ್ಗೆ, ಸಂಜೆ ಎರಡು ಸಲ ರೀಡಿಂಗ್ ಬರೆಯುವುದು. ಮೀಟರನ್ನು ಎಸಿಯ ಎದುರು ತೂಗುಹಾಕಬೇಡಿ, ಅದು ಅಲ್ಲಿ ಯಾವಾಗಲೂ ಒಳ್ಳೆಯ ಸುದ್ದಿಯನ್ನೇ ಹೇಳುತ್ತದೆ. ಬಾಗಿಲಿನ ಹತ್ತಿರದ ರ‍್ಯಾಕಿನಲ್ಲಿ ಇಡಿ.

ತೇವ ತಿಂದ ಮಾತ್ರೆಯನ್ನು ಕಣ್ಣು, ಮೂಗಿನಲ್ಲೇ ಗುರುತಿಸಬಹುದು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಿಳಿ ಹೋಗಿ ಹಳದಿ, ಆಮೇಲೆ ಕಂದು ಮಚ್ಚೆ, ಅಂಚು ಉಬ್ಬಿರುತ್ತದೆ. ಡಬ್ಬಿಯಲ್ಲಿರುವ ಆಸ್ಪಿರಿನ್ ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ ಹೊಡೆಯುತ್ತದೆ, ಮಾತ್ರೆಯ ಮೈಮೇಲೆ ಸಣ್ಣ ಸೂಜಿಯಂಥ ಹರಳು ಕಾಣುತ್ತದೆ. ಇಂಥದ್ದನ್ನು ಒರೆಸಿ ಕೊಡುವವರೂ ಇದ್ದಾರೆ, ಮಾರಾಯ್ರೇ.

ಸಂಶಯ ಬಂದ ಬ್ಯಾಚಿಗೆ ಮೊದಲು ತಕ್ಕಡಿ. ಒಂದು ಮಿಲಿಗ್ರಾಂ ತೋರಿಸುವ ತಕ್ಕಡಿಯಲ್ಲಿ 20 ಮಾತ್ರೆ ಒಂದೊಂದಾಗಿ ತೂಗಿ ಸರಾಸರಿ ತೆಗೆಯುವುದು. 250 ಮಿಲಿಗ್ರಾಂ ಮೀರಿ ತೂಗುವ, ಕೋಟಿಂಗ್ ಇಲ್ಲದ ಮಾತ್ರೆಯಾದರೆ ಸರಾಸರಿಯಿಂದ ಶೇ. 5ಕ್ಕಿಂತ ದೂರ ಹೋದವು ಎರಡಕ್ಕಿಂತ ಹೆಚ್ಚು ಇರಬಾರದು, ಶೇ. 10 ದಾಟಿದ್ದು ಒಂದೂ ಇರಬಾರದು. ಆಮೇಲೆ 37 ಡಿಗ್ರಿಯ ನೀರು: ಕೋಟಿಂಗ್ ಇಲ್ಲದ್ದು 15 ನಿಮಿಷದಲ್ಲಿ, ತೆಳು ಕೋಟಿಂಗಿನದ್ದು 30 ನಿಮಿಷದಲ್ಲಿ ಒಡೆಯಬೇಕು. ಲೋಟದಲ್ಲಿ ಮಾಡಿದ ಈ ಪರೀಕ್ಷೆಗೆ ಕಾನೂನಿನ ಬೆಲೆ ಇಲ್ಲ. ಅದು ಪಾಸಾದರೂ ನೆಮ್ಮದಿಯಿಲ್ಲ, ಯಾಕೆಂದರೆ ಮಾತ್ರೆ ಒಡೆಯುವುದು ಬೇರೆ, ಒಳಗಿನ ಔಷಧಿ ಕರಗುವುದು ಬೇರೆ.

ಲ್ಯಾಬಿಗೆ ಕಳಿಸುವುದಾದರೆ ಒಂದೇ ಬ್ಯಾಚಿನ 60 ಮಾತ್ರೆ, ತೆರೆಯದ ಸ್ಟ್ರಿಪ್‌ಗಳಲ್ಲಿ. ಲೆಕ್ಕ ಹೀಗೆ: ಡಿಸಲ್ಯೂಷನ್‌ಗೆ ಮೊದಲು 6, ತೀರ್ಮಾನ ಆಗದಿದ್ದರೆ ಇನ್ನೂ 6, ಆಮೇಲೆ 12, ಒಟ್ಟು 24, ಪ್ರಮಾಣ ಅಳೆಯಲು 20, ಉಳಿದದ್ದು ಕೈತಪ್ಪಿಗೆ. 30 ಕಳಿಸಿದರೆ ಮಧ್ಯದಲ್ಲಿ ನಿಂತುಹೋಗುತ್ತದೆ. ಖಾಸಗಿ ಲ್ಯಾಬಿನ ರಿಪೋರ್ಟು ನಮ್ಮ ಖರೀದಿಗೆ ಸಾಕು. ಸರಕಾರಿ ಅನಾಲಿಸ್ಟರಿಂದಲೇ ಬೇಕಿದ್ದರೆ ಕಾಯ್ದೆಯ 26ನೇ ಕಲಮಿನಡಿ ಕೊಂಡವರು ಯಾರೂ ಫಾರಂ 14-ಎ ತುಂಬಿ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಈ ಹಕ್ಕು ರೋಗಿಗೂ ಉಂಟು, ಗೊತ್ತಿರುವವರು ಕಡಿಮೆ.

ಫಿನೈಟಾಯಿನ್, ಥೈರಾಕ್ಸಿನ್, ವಾರ್ಫರಿನ್, ಲಿಥಿಯಂ: ರಕ್ತದಲ್ಲಿ ಪ್ರಮಾಣ ತುಸು ಹೆಚ್ಚುಕಡಿಮೆಯಾದರೂ ತೊಂದರೆ ಕೊಡುವ ಇವುಗಳಲ್ಲಿ ಮಾತ್ರ ದರ ಎಷ್ಟೇ ಇಳಿದರೂ ನಡುವೆ ಕಂಪನಿ ಬದಲಿಸುವುದಿಲ್ಲ. ಬದಲಿಸಲೇಬೇಕಾಗಿ ಬಂದರೆ ಡಾಕ್ಟರಿಗೆ ಮೊದಲು ಹೇಳಿ, ರಕ್ತ ಪರೀಕ್ಷೆಯ ದಿನ ಗೊತ್ತು ಮಾಡಿದ ಮೇಲೆಯೇ. ಕೌಂಟರಿಗೆ ಬಂದವರು “ಅಣ್ಣ, ಈ ಸಲ ಮಾತ್ರೆಯ ಬಣ್ಣ ಬೇರೆ ಉಂಟಲ್ಲಾ?” ಎಂದು ಕೇಳಿದರೆ “ಅದೇ ಅಮ್ಮ, ಏನಾಗುದಿಲ್ಲ” ಎಂದು ಕಳಿಸಬಾರದು ಎಂಬುದು ಹುಡುಗರಿಗೆ ಹೇಳಿಕೊಟ್ಟ ಮೊದಲ ಮಾತು. ಹಳೆಯ ಸ್ಟ್ರಿಪ್ ತರಿಸಿ ತಯಾರಕರ ಹೆಸರು ನೋಡಬೇಕು. ಅದಕ್ಕಾಗಿಯೇ ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಕೊಡುತ್ತೇವೆ. ಕೊಡುವ ಲಕೋಟೆಯ ಮೇಲೆ ತಯಾರಕರ ಹೆಸರು, ಬ್ಯಾಚ್, ಎಕ್ಸ್‌ಪೈರಿ ಮೂರನ್ನೂ ಬಾಲ್‌ಪೆನ್ನಿನಲ್ಲಿ ಬರೆದು ಕೊಡುತ್ತೇವೆ. ಶಾಯಿ ಪೆನ್ನಾದರೆ ಮಳೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅಳಿಸಿಹೋಗಿರುತ್ತದೆ.