ಜೋತುಬಿದ್ದ ಚರ್ಮಕ್ಕೆ ಶಸ್ತ್ರಚಿಕಿತ್ಸೆಯಿಲ್ಲದ ಆರೈಕೆ: ಎಲ್ಲಿಂದ ಆರಂಭಿಸಬೇಕು?

ಕನ್ನಡಿಯ ಮುಂದೆ ನಿಂತು, ಕಣ್ಣಿನ ಕೆಳರೆಪ್ಪೆಯನ್ನು ಬೆರಳ ತುದಿಯಿಂದ ಮೆಲ್ಲನೆ ಕೆಳಕ್ಕೆ ಎಳೆದು ಬಿಟ್ಟುಬಿಡಿ. ರೆಪ್ಪೆ ತಟ್ಟನೆ ತನ್ನ ಜಾಗಕ್ಕೆ ಮರಳಿದರೆ ಅಲ್ಲಿನ ಸೆಳೆತ ಇನ್ನೂ ಚೆನ್ನಾಗಿದೆ ಎಂದರ್ಥ. ನಿಧಾನವಾಗಿ ಮರಳಿದರೆ, ಅಥವಾ ಒಮ್ಮೆ ಕಣ್ಣು ಮಿಟುಕಿಸಿದ ಮೇಲಷ್ಟೇ ಕೂತುಕೊಂಡರೆ, ಸಡಿಲಿಕೆ ಆರಂಭವಾಗಿದೆ ಎಂದು ತಿಳಿಯಬಹುದು. ವೈದ್ಯರೂ ಬಳಸುವ ಸರಳ ಪರೀಕ್ಷೆ ಇದು. ಇಷ್ಟಾದ ಮೇಲೆ ಗಲ್ಲದ ಕೆಳಗಿನ ಮಡಿಕೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ. ಕೈಗೆ ಸಿಕ್ಕಿದ್ದು ದಪ್ಪವಾಗಿ, ಮೆತ್ತಗಿದ್ದರೆ ಅದು ಹೆಚ್ಚಾಗಿ ಕೊಬ್ಬು; ತೆಳ್ಳಗೆ ಬಟ್ಟೆಯಂತೆ ಸಿಕ್ಕಿದರೆ ಅದು ಚರ್ಮ.

ಈ ವ್ಯತ್ಯಾಸವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಮುಖ ಜೋತುಬಿದ್ದಂತೆ ಕಾಣುವುದಕ್ಕೆ ಚರ್ಮವೊಂದೇ ಹೊಣೆಯಲ್ಲ. ವಯಸ್ಸಾದಂತೆ ಕೆನ್ನೆಯ ಕೊಬ್ಬು ಕರಗಿ ಕೆಳಕ್ಕೆ ಸರಿಯುತ್ತದೆ, ಅದನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗುತ್ತವೆ, ದವಡೆಯ ಮತ್ತು ಕಣ್ಣಗೂಡಿನ ಮೂಳೆಯೂ ಸ್ವಲ್ಪಸ್ವಲ್ಪ ಸವೆಯುತ್ತದೆ. ಕೊಬ್ಬಿನ ತೊಂದರೆಗೆ ಚರ್ಮ ಬಿಗಿಯುವ ಚಿಕಿತ್ಸೆ ಮಾಡಿಸಿಕೊಂಡವರು ಹಣ ಕಳೆದುಕೊಂಡು ನಿರಾಶರಾಗುತ್ತಾರೆ. ಆದ್ದರಿಂದ ಯಾವುದಕ್ಕೆ ಆರೈಕೆ ಬೇಕು ಎಂಬುದನ್ನು ಗುರುತಿಸಿಕೊಳ್ಳುವುದೇ ಮೊದಲ ಹೆಜ್ಜೆ. ಅದೇ ದಿನ ಕಿಟಕಿಯ ಪಕ್ಕ ನಿಂತು, ನಗದೆ, ಎದುರಿನಿಂದ ಒಂದು, ಎರಡು ಪಕ್ಕಗಳಿಂದ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಬದಲಾವಣೆ ಎಷ್ಟು ನಿಧಾನವೆಂದರೆ, ದಿನವೂ ಕನ್ನಡಿ ನೋಡುವವರಿಗೆ ಅದು ಗೊತ್ತಾಗುವುದೇ ಇಲ್ಲ.

ಚರ್ಮದ ಬಿಗಿ ಇರುವುದು ಮೇಲ್ಪದರದಲ್ಲಲ್ಲ, ಅದರ ಕೆಳಗಿನ ಒಳಚರ್ಮದಲ್ಲಿ. ಅಲ್ಲಿ ಕೊಲಾಜೆನ್ ಎಂಬ ನಾರು ಗಟ್ಟಿತನ ಕೊಟ್ಟರೆ, ಇಲಾಸ್ಟಿನ್ ಎಂಬ ನಾರು ಎಳೆದದ್ದನ್ನು ಮರಳಿ ಎಳೆದುಕೊಳ್ಳುತ್ತದೆ. ಇಪ್ಪತ್ತು ದಾಟಿದ ಮೇಲೆ ಕೊಲಾಜೆನ್ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಮಹಿಳೆಯರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇ 30ರಷ್ಟು ಕುಸಿಯುತ್ತದೆ. ಐವತ್ತರ ಆಸುಪಾಸಿನ ಅನೇಕರು "ಒಂದೆರಡು ವರ್ಷದಲ್ಲೇ ಮುಖ ಇಳಿದುಹೋಯಿತು" ಎಂದು ಹೇಳುವುದು ಭ್ರಮೆಯಲ್ಲ; ಅದಕ್ಕೆ ಈಸ್ಟ್ರೊಜೆನ್ ಹಾರ್ಮೋನು ಕಡಿಮೆಯಾಗುವುದೇ ಕಾರಣ.

ಎರಡನೆಯ ಹೆಜ್ಜೆ: ಬಿಸಿಲನ್ನು ತಡೆಯುವುದು

ತೋಳಿನ ಒಳಭಾಗದ ಚರ್ಮವನ್ನು ಮುಂಗೈಯ ಹೊರಭಾಗದ ಚರ್ಮದ ಪಕ್ಕದಲ್ಲಿಟ್ಟು ನೋಡಿ. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ರವಿಕೆಯ ತೋಳು ಮುಚ್ಚಿದ್ದ ಜಾಗದಲ್ಲಿ ಅವರ ಚರ್ಮ ಈಗಲೂ ನಯವಾಗಿದೆ. ಬಳೆಗಿಂತ ಮೇಲೆ, ದಶಕಗಳ ಕಾಲ ಅಂಗಳದ ಬಿಸಿಲಿಗೆ ಒಡ್ಡಿಕೊಂಡ ಕಡೆ ಅದು ತೆಳುವಾಗಿ, ಚುಕ್ಕೆ ಬಿದ್ದು, ಸಣ್ಣ ಸಣ್ಣ ನೆರಿಗೆ ಕಟ್ಟಿದೆ. ಎರಡೂ ಒಂದೇ ಕೈಯ, ಒಂದೇ ವಯಸ್ಸಿನ ಚರ್ಮ. ನಡುವಿನ ಅಂತರವೆಲ್ಲ ಬಿಸಿಲಿನದು.

ಬಿಸಿಲಿನಲ್ಲಿರುವ ಅತಿನೇರಳೆ 'ಎ' ಕಿರಣಗಳು ಒಳಚರ್ಮದವರೆಗೂ ಇಳಿದು, ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ. ಇವು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. 28 ವರ್ಷ ಸರಕು ಸಾಗಣೆಯ ಟ್ರಕ್ ಓಡಿಸಿದ 69 ವರ್ಷದ ವ್ಯಕ್ತಿಯೊಬ್ಬರ ಚಿತ್ರವನ್ನು ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು 2012ರಲ್ಲಿ ಪ್ರಕಟಿಸಿತ್ತು. ಕಿಟಕಿಯ ಕಡೆಗಿದ್ದ ಅವರ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹಳೆಯದರಂತೆ ಸುಕ್ಕುಗಟ್ಟಿ ಜೋತುಬಿದ್ದಿತ್ತು. ನಮ್ಮಲ್ಲಿ ಚಾಲಕರ ಆಸನ ಬಲಕ್ಕಿರುವುದರಿಂದ ಆ ಹೊಡೆತ ಬಲಗೆನ್ನೆಗೆ ಬೀಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತಂಪಾಗಿದ್ದರೂ ಅಲ್ಲಿನ ಅತಿನೇರಳೆ ಕಿರಣ ಕರಾವಳಿಗಿಂತ ಸ್ವಲ್ಪ ಹೆಚ್ಚೇ. ಚಳಿಯಿದ್ದ ದಿನ ಸನ್‌ಸ್ಕ್ರೀನ್ ಬೇಡ ಎಂದುಕೊಳ್ಳುವುದು ತಪ್ಪು.

ಸನ್‌ಸ್ಕ್ರೀನ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಆಸ್ಟ್ರೇಲಿಯಾದ ನಂಬೌರ್ ಊರಿನಿಂದ ಬಂದಿದೆ. 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಲು ಸೂಚಿಸಲಾದವರ ಚರ್ಮ, ಮನಬಂದಾಗ ಹಚ್ಚಿದವರದಕ್ಕಿಂತ ಶೇ 24ರಷ್ಟು ಕಡಿಮೆ ಮುಪ್ಪು ತೋರಿತು. ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ 'ಎ' ಕಿರಣಗಳನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಪಿಎ ಎಂಬ ಗುರುತಿನ ಮುಂದೆ ಕನಿಷ್ಠ ಮೂರು ಪ್ಲಸ್ ಇರುವುದನ್ನು ಆರಿಸಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕತ್ತಿಗೆ ಬೇಕಾದಷ್ಟಾಗುತ್ತದೆ. ಹೊರಗೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕತ್ತನ್ನು ಮರೆಯುವವರೇ ಹೆಚ್ಚು, ಬೇಗ ಜೋಲುವ ಜಾಗಗಳಲ್ಲಿ ಅದೂ ಒಂದು.

ಮೂರನೆಯ ಹೆಜ್ಜೆ: ರಾತ್ರಿಯ ಔಷಧ

ಹಚ್ಚುವ ಪದಾರ್ಥಗಳಲ್ಲಿ ಒಳಚರ್ಮದ ಕೊಲಾಜೆನ್ ಹೆಚ್ಚಿಸುತ್ತದೆ ಎಂದು ಗಟ್ಟಿಯಾಗಿ ಸಾಬೀತಾಗಿರುವುದು ಟ್ರೆಟಿನಾಯಿನ್. ಇದು 'ಎ' ಜೀವಸತ್ವದ ಒಂದು ರೂಪ. ಮೊಡವೆಗೆಂದು ಬಂದ ಔಷಧವನ್ನು ಬಳಸಿದವರ ಚರ್ಮ ನಯವಾಗುವುದನ್ನು ಗಮನಿಸಿ, ಅಮೆರಿಕದ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಅದರ ಈ ಗುಣವನ್ನು ವರದಿ ಮಾಡಿದರು. ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಬೇಡಿ. ಸಾಮಾನ್ಯವಾಗಿ ಶೇ 0.025ರ ಕ್ರೀಮಿನಿಂದ ಆರಂಭಿಸುತ್ತಾರೆ.

ಹಚ್ಚುವ ಕ್ರಮ ಹೀಗೆ. ರಾತ್ರಿ ಮುಖ ತೊಳೆದು, ಒರೆಸಿ, ಇಪ್ಪತ್ತು ನಿಮಿಷ ಪೂರ್ತಿ ಒಣಗಲು ಬಿಡಿ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು. ಬಟಾಣಿ ಕಾಳಿನಷ್ಟು ಕ್ರೀಮನ್ನು ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆಯಿಟ್ಟು ತೆಳುವಾಗಿ ಹರಡಿ. ರೆಪ್ಪೆ, ಮೂಗಿನ ಪಕ್ಕದ ಸಂದು, ತುಟಿಯ ಅಂಚುಗಳನ್ನು ಬಿಡಿ. ಮೇಲೆ ಮಾಯಿಶ್ಚರೈಸರ್ ಹಚ್ಚಿ. ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಆಮೇಲೆ ದಿನ ಬಿಟ್ಟು ದಿನ, ಚರ್ಮ ತಡೆದುಕೊಂಡರೆ ದಿನವೂ. ಆರಂಭದ ವಾರಗಳಲ್ಲಿ ಕೆಂಪಾಗುವುದು, ಸಿಪ್ಪೆ ಏಳುವುದು ಸಹಜ. ಇಲ್ಲಿಯೇ ಬಹಳ ಮಂದಿ ಕೈಬಿಡುತ್ತಾರೆ. ದಯವಿಟ್ಟು ನಿಲ್ಲಿಸುವ ಬದಲು ದಿನಗಳ ಅಂತರ ಹೆಚ್ಚಿಸಿ. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು, ಒಂದು ವರ್ಷದವರೆಗೂ ಅದು ಹೆಚ್ಚುತ್ತಾ ಹೋಗುತ್ತದೆ. ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಪ್ರಯತ್ನಿಸುತ್ತಿರುವವರು ಇದನ್ನು ಬಳಸಲೇಬಾರದು. ಚೀಟಿಯಿಲ್ಲದೆ ಸಿಗುವ ರೆಟಿನಾಲ್ ಇದರದೇ ಸೌಮ್ಯ ರೂಪ; ಕೆಲಸ ನಿಧಾನ, ಉರಿಯೂ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಔಷಧದಂಗಡಿಗಳಲ್ಲಿ "ಮುಖ ಬೆಳ್ಳಗಾಗುತ್ತದೆ" ಎಂದು ಕೈಗಿಡುವ ಅನೇಕ ಕ್ರೀಮುಗಳಲ್ಲಿ ಟ್ರೆಟಿನಾಯಿನ್ ಜೊತೆ ಬಣ್ಣ ತಿಳಿಗೊಳಿಸುವ ಹೈಡ್ರೊಕ್ವಿನೋನ್ ಮತ್ತು ಸ್ಟೀರಾಯ್ಡ್ ಬೆರೆತಿರುತ್ತವೆ. ಸ್ಟೀರಾಯ್ಡನ್ನು ತಿಂಗಳುಗಟ್ಟಲೆ ಹಚ್ಚಿದರೆ ಕೊಲಾಜೆನ್ ನಶಿಸಿ ಚರ್ಮ ಕಾಗದದಂತೆ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಕೆಂಪಗೆ ಎದ್ದು ಕಾಣುತ್ತವೆ. ಬಿಗಿಯಾಗಲೆಂದು ಹಚ್ಚಿದ್ದೇ ಸಡಿಲ ಮಾಡುತ್ತದೆ. ಕೊಳವೆಯ ಮೇಲೆ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ವೈದ್ಯರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಥಟ್ಟನೆ ನಿಲ್ಲಿಸದೆ ಅವರ ಸಲಹೆಯಂತೆ ಬಿಡಿ.

ಬೆಳಗ್ಗೆ ಸನ್‌ಸ್ಕ್ರೀನಿಗೂ ಮೊದಲು 'ಸಿ' ಜೀವಸತ್ವದ ಸೀರಮ್ ಹಚ್ಚುವುದರಿಂದ ಸ್ವಲ್ಪ ನೆರವಾಗುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಟ್ಟಿದೆ ಎಂದು ಎಸೆಯಿರಿ.

ಅಡುಗೆಮನೆ, ವ್ಯಾಯಾಮ, ಆಹಾರ

ಮೊಟ್ಟೆಯ ಬಿಳಿಲೋಳೆ ಹಚ್ಚಿದಾಗ ಮುಖ ಬಿಗಿದಂತಾಗುವುದು ನಿಜ. ಲೋಳೆ ಒಣಗಿ ಕುಗ್ಗುವಾಗ ಮೇಲ್ಪದರವನ್ನು ಎಳೆಯುತ್ತದೆ, ತೊಳೆದರೆ ಅಥವಾ ಒಂದೆರಡು ಗಂಟೆ ಕಳೆದರೆ ಮೊದಲಿನಂತೆಯೇ. ಅದರಿಂದ ದೊಡ್ಡ ಹಾನಿಯಿಲ್ಲ. ನಿಂಬೆರಸ ಹಾಗಲ್ಲ: ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಯಾಗುತ್ತದೆ. ಕುಡಿಯುವ ಕೊಲಾಜೆನ್ ಪುಡಿ ಹೊಟ್ಟೆಯಲ್ಲಿ ಜೀರ್ಣವಾಗಿ ಸಣ್ಣ ತುಣುಕುಗಳಾಗುತ್ತದೆ. ಅದನ್ನು ಹೊಗಳುವ ಅಧ್ಯಯನಗಳಲ್ಲಿ ಎಷ್ಟೋ ತಯಾರಕರ ಹಣದಿಂದಲೇ ನಡೆದಿವೆ. ಆ ದುಡ್ಡನ್ನು ಬೇಳೆ, ಮೊಳಕೆ ಕಾಳು, ಮೊಟ್ಟೆ, ನೆಲ್ಲಿಕಾಯಿ, ಸೀಬೆಹಣ್ಣಿಗೆ ಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮುಖದ ವ್ಯಾಯಾಮದ ಬಗ್ಗೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಣ್ಣ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಇಪ್ಪತ್ತು ವಾರ ಪೂರೈಸಿದ 16 ಮಹಿಳೆಯರ ಕೆನ್ನೆ ಸ್ವಲ್ಪ ತುಂಬಿಕೊಂಡಿತು. ಅಲ್ಲಿ ಬೆಳೆದದ್ದು ಸ್ನಾಯುವೇ ಹೊರತು ಚರ್ಮ ಬಿಗಿಯಾದದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ತೋಳು, ತೊಡೆ ಜೋಲುತ್ತಿದ್ದರೆ ಮಾತ್ರ ವಾರಕ್ಕೆ ಎರಡು ಮೂರು ಬಾರಿ ಭಾರ ಎತ್ತುವ ವ್ಯಾಯಾಮ ಸ್ಪಷ್ಟ ಫಲ ಕೊಡುತ್ತದೆ, ಏಕೆಂದರೆ ಚರ್ಮದ ಕೆಳಗಿನ ಸ್ನಾಯು ಬೆಳೆದು ಸಡಿಲ ಜಾಗವನ್ನು ತುಂಬುತ್ತದೆ. ತೂಕ ಇಳಿಸುವವರು ನಿಧಾನವಾಗಿ ಇಳಿಸಿ. ಬೀಡಿ, ಸಿಗರೇಟು ಸೇದುವವರು ಅದನ್ನು ಬಿಡದೆ ಇನ್ನೇನು ಮಾಡಿದರೂ ಅರ್ಧ ಶ್ರಮ ವ್ಯರ್ಥ.

ಕೊನೆಯ ಹೆಜ್ಜೆ: ಕ್ಲಿನಿಕ್ಕಿನ ಯಂತ್ರಗಳು

ಇವೆಲ್ಲವನ್ನೂ ಆರು ತಿಂಗಳು ಮಾಡಿದ ಮೇಲೆ ಯಂತ್ರಗಳ ಯೋಚನೆ ಮಾಡಿ. ಎಲ್ಲದರ ತತ್ವವೂ ಒಂದೇ: ಒಳಚರ್ಮಕ್ಕೆ ಲೆಕ್ಕ ಹಾಕಿ ಸಣ್ಣ ಗಾಯ ಮಾಡಿ, ಅದು ಮಾಯುವಾಗ ಹೊಸ ಕೊಲಾಜೆನ್ ಹುಟ್ಟುವಂತೆ ಮಾಡುವುದು. ರೇಡಿಯೊ ಫ್ರೀಕ್ವೆನ್ಸಿ ಯಂತ್ರ ಚರ್ಮದ ಮೇಲ್ಭಾಗವನ್ನು ಕಾಪಾಡುತ್ತಾ ಒಳಪದರವನ್ನು ಬಿಸಿ ಮಾಡುತ್ತದೆ. ಅದರ ಶಾಖ ಚರ್ಮದ ಬಣ್ಣವನ್ನು ಅವಲಂಬಿಸದ ಕಾರಣ ಕಂದು ಮೈಬಣ್ಣದ ನಮಗೆ ಹಲವು ಲೇಸರ್‌ಗಳಿಗಿಂತ ಇದು ಸುರಕ್ಷಿತ. ತೀವ್ರ ಅಲ್ಟ್ರಾಸೌಂಡ್ ಚಿಕಿತ್ಸೆ, ಅಂದರೆ ಹೈಫು, ಶಬ್ದದಲೆಗಳನ್ನು ಒಂದು ಬಿಂದುವಿಗೆ ಕೇಂದ್ರೀಕರಿಸಿ 1.5, 3 ಅಥವಾ 4.5 ಮಿಲಿಮೀಟರ್ ಆಳದಲ್ಲಿ ಶಾಖ ಕೊಡುತ್ತದೆ, 4.5ರ ಆಳ ಮುಖದ ಸ್ನಾಯುವಿಗೆ ಅಂಟಿದ ಪದರವನ್ನು ಮುಟ್ಟುತ್ತದೆ. ನೋವು ಇದ್ದೇ ಇರುತ್ತದೆ. ಕೆನ್ನೆ ಈಗಾಗಲೇ ಬತ್ತಿದವರಿಗೆ ಇದರಿಂದ ಉಳಿದ ಕೊಬ್ಬೂ ಕರಗುವ ಅಪಾಯವಿದೆ. ಮೈಕ್ರೋನೀಡ್ಲಿಂಗ್‌ನಲ್ಲಿ ಸೂಕ್ಷ್ಮ ಸೂಜಿಗಳಿಂದ ಚುಚ್ಚುತ್ತಾರೆ. ನಾಲ್ಕು ವಾರಗಳ ಅಂತರದಲ್ಲಿ ಮೂರರಿಂದ ಆರು ಬಾರಿ ಬೇಕಾಗುತ್ತದೆ. ಆನ್‌ಲೈನಿನಲ್ಲಿ ರೋಲರ್ ತರಿಸಿ ಮನೆಯಲ್ಲೇ ಚುಚ್ಚಿಕೊಂಡರೆ ಸೋಂಕೂ ಕಪ್ಪು ಕಲೆಯೂ ಬರುವ ಸಂಭವ ಹೆಚ್ಚು.

ಚಿಕಿತ್ಸೆ ಕೊಡುವವರು ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದವರೇ, ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ಇದೆಯೇ ಎಂದು ವಿಚಾರಿಸಲು ಸಂಕೋಚ ಬೇಡ. ಯಂತ್ರದ ಹೆಸರು, ಎಷ್ಟು ಬಾರಿ ಬರಬೇಕು, ಒಟ್ಟು ಖರ್ಚು ಎಷ್ಟು, ಸುಟ್ಟರೆ ಏನು ಮಾಡುತ್ತಾರೆ, ಇವನ್ನು ಮುಂಗಡ ಕಟ್ಟುವ ಮೊದಲೇ ಕೇಳಿ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಬತ್ತಿದ ಜಾಗ ತುಂಬಲು ಮುಖಕ್ಕೆ ಫಿಲ್ಲರ್ ಚುಚ್ಚಿಸಿಕೊಂಡವರು, ಗಾಯವಾದರೆ ಉಬ್ಬಿದ ಕಲೆ ಬೀಳುವವರು ಅದನ್ನು ತಾವಾಗಿಯೇ ತಿಳಿಸಬೇಕು. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಹಿಂದಿನ ವಾರ ಹೋಗಬೇಡಿ. ಹೊಸ ಕೊಲಾಜೆನ್ ಕಟ್ಟಿಕೊಳ್ಳಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ.

ಸಿಗುವ ಬಿಗಿತ ಸಾಧಾರಣವಾದದ್ದು, ಅದೂ ಒಂದೆರಡು ವರ್ಷಗಳಲ್ಲಿ ಮತ್ತೆ ಇಳಿಯುತ್ತದೆ. ದವಡೆಯ ಗೆರೆ ಸ್ವಲ್ಪ ಮಸುಕಾದ ನಲವತ್ತು, ಐವತ್ತರ ವಯಸ್ಸಿನವರಿಗೆ ಇದು ಸಮಾಧಾನ ಕೊಡಬಹುದು. ಹೆರಿಗೆಯ ನಂತರ ಏಪ್ರನ್ನಿನಂತೆ ಜೋತ ಹೊಟ್ಟೆಗೆ, ಮೂವತ್ತು ನಲವತ್ತು ಕಿಲೊ ಇಳಿಸಿದವರ ಮಡಿಕೆಗಳಿಗೆ ಯಾವ ಯಂತ್ರವೂ ಸಾಲದು. ಅಂಥವರಿಗೆ "ಹತ್ತು ಸಿಟ್ಟಿಂಗ್‌ನಲ್ಲಿ ಸರಿಹೋಗುತ್ತದೆ" ಎನ್ನುವವರನ್ನು ಬಿಟ್ಟು ಪ್ಲಾಸ್ಟಿಕ್ ಸರ್ಜನ್‌ರನ್ನು ಕಾಣುವುದೇ ಸರಿ. ಯಾವ ಚಿಕಿತ್ಸೆ ಹಿಡಿದರೂ ಆರನೆಯ ತಿಂಗಳು ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನ ಬೆಳಕಿನಲ್ಲಿ ಮತ್ತೆ ಮೂರು ಫೋಟೊ ತೆಗೆದು, ಮೊದಲಿನವುಗಳ ಜೊತೆಗಿಟ್ಟು ವೈದ್ಯರಿಗೆ ತೋರಿಸಿ. ಮುಂದುವರಿಸಬೇಕೋ ಬೇಡವೋ ಎಂಬುದನ್ನು ಅದರ ಮೇಲೆ ನಿರ್ಧರಿಸಿ.